ಬೇರೆಯವರ ಪುಸ್ತಕಕ್ಕೊಂದು ಮೇಜು

ಕೇಳುಗರಿಗೆಲ್ಲ ನಮಸ್ಕಾರ.

ನಾಲ್ಕು ಎ4 ಹಾಳೆ ತೆಗೆದುಕೊಳ್ಳಿ. ಒಂದರ ಮೇಲೊಂದು ಜೋಡಿಸಿ ನಡುವೆ ಮಡಿಸಿ. ಬೆನ್ನಿಗೆ ಎರಡು ಪಿನ್ನು ಹೊಡೆಯಿರಿ. 16 ಪುಟದ ಪುಸ್ತಕ ರೆಡಿ. ಹೇಳುವುದಕ್ಕೆ ಸುಲಭ, ಅಲ್ವಾ? ಆಫೀಸಿನ ಮಾಮೂಲಿ ಸ್ಟೇಪ್ಲರ್ ಹಾಳೆಯ ನಡುವಿನ ತನಕ ಮುಟ್ಟುವುದೇ ಇಲ್ಲ. ಅದಕ್ಕೆ ಉದ್ದ ಕೈಯ ಸ್ಟೇಪ್ಲರ್ ಬೇಕು. ಪುಟಗಳ ಲೆಕ್ಕವೂ ವಿಚಿತ್ರ. ಹೊರಗಿನ ಹಾಳೆಯ ಒಂದು ಮುಖದಲ್ಲಿ ಎಡಕ್ಕೆ 16ನೇ ಪುಟ, ಬಲಕ್ಕೆ 1ನೇ ಪುಟ. ಅದರ ಹಿಂದೆ 2 ಮತ್ತು 15. ಈ ಮಾತು ಬರೆಯುವ ಮೊದಲು ನಾನೂ ಸುಮ್ನೆ ಒಂದು ಮಾಡಿ ನೋಡಿದೆ. 5ನೇ ಪುಟ ತಲೆಕೆಳಗಾಗಿ ಬಂತು.

ಹೀಗೆ ಮನೆಯಲ್ಲೇ ಮಡಿಸಿ, ಪಿನ್ನು ಹೊಡೆದು ಮಾರುವ ಕಾಮಿಕ್ಸ್ ಪುಸ್ತಕಗಳ ಒಂದು ಲೋಕ ಬ್ರಿಟನ್‌ನಲ್ಲಿದೆ. ಅಲ್ಲಿಯವರು ಅದನ್ನು ಸ್ಮಾಲ್ ಪ್ರೆಸ್ ಅನ್ನುತ್ತಾರೆ. ಅದರ ಪಕ್ಕದ ಮನೆಯೇ ಝೀನ್. ಮ್ಯಾಗಜೀನ್ ಅನ್ನುವ ಪದದ ತಲೆ ಹಾರಿಸಿ, ಬಾಲ ಮಾತ್ರ ಉಳಿಸಿಕೊಂಡ ಹೆಸರು ಅದು. ಸಂಗೀತ, ರಾಜಕೀಯ, ಅಡುಗೆ, ಕಾಯಿಲೆ, ಬೆಕ್ಕು, ಯಾವುದರ ಮೇಲೆ ಬೇಕಾದರೂ ಝೀನ್ ಮಾಡಬಹುದು. ಸಂಪಾದಕ, ಮುದ್ರಕ, ಮಾರುವವನು, ಎಷ್ಟೋ ಸಲ ಓದುವವನೂ ಒಬ್ಬನೇ.

1976ರಲ್ಲಿ ಲಂಡನ್‌ನಲ್ಲಿ ಮಾರ್ಕ್ ಪೆರಿ ಅನ್ನುವ ಯುವಕ ಪಂಕ್ ಸಂಗೀತದ ಬಗ್ಗೆ ‘ಸ್ನಿಫಿನ್ ಗ್ಲೂ’ ಎಂಬ ಜೆರಾಕ್ಸ್ ಪತ್ರಿಕೆ ಶುರು ಮಾಡಿದ. ದಪ್ಪ ಪೆನ್ನಿನಲ್ಲಿ ಬರೆದ ಹೆಸರು, ಟೈಪ್‌ರೈಟರ್ ಅಕ್ಷರ, ಹೊಡೆದುಹಾಕಿದ ತಪ್ಪುಗಳು ಹಾಗೇ ಕಾಣುತ್ತಿದ್ದವು. ಅದನ್ನು ನೋಡಿದವರಿಗೆಲ್ಲ, ಅರೆ, ಇಷ್ಟೇನಾ, ಇದನ್ನು ನಾನೂ ಮಾಡಬಹುದಲ್ಲ ಅನ್ನಿಸಿತು. ಮಾಡಿದರು ಕೂಡ. 1979ರ ಡಿಸೆಂಬರ್‌ನಲ್ಲಿ ನ್ಯೂಕ್ಯಾಸಲ್ ಊರಿನ ಕ್ರಿಸ್ ಡೊನಾಲ್ಡ್, ಅಪ್ಪ ಅಮ್ಮನ ಮನೆಯ ತನ್ನ ರೂಮಿನಲ್ಲಿ ಕೂತು, ತಮ್ಮ ಸೈಮನ್ ಮತ್ತು ಗೆಳೆಯ ಜಿಮ್ ಬ್ರೌನ್‌ಲೋ ಜೊತೆ ‘ವಿಜ್’ ಅನ್ನುವ ತುಂಟ ಕಾಮಿಕ್ಸ್ ತಂದ. 12 ಪುಟ, 150 ಪ್ರತಿ, ಬೆಲೆ 20 ಪೆನ್ಸ್. ವಿದ್ಯಾರ್ಥಿಗಳಿಗೆ ಮಾತ್ರ 30. ಹೌದು, ಸರಿಯಾಗಿಯೇ ಕೇಳಿಸಿಕೊಂಡಿರಿ. ವಿದ್ಯಾರ್ಥಿಗಳಿಗೆ ಜಾಸ್ತಿ! ಪಬ್ಬಿನಲ್ಲಿ ಕೈಯಿಂದ ಕೈಗೆ ಮಾರಿ ಅಷ್ಟೂ ಖರ್ಚಾಯಿತು. ಹತ್ತು ವರ್ಷದಲ್ಲಿ ಅದೇ ವಿಜ್ ಒಂದು ಸಂಚಿಕೆಗೆ 10 ಲಕ್ಷಕ್ಕಿಂತ ಜಾಸ್ತಿ ಮಾರಾಟವಾಗುತ್ತಿತ್ತು.

ಈ ಕತೆ ಎಲ್ಲರೂ ಹೇಳುತ್ತಾರೆ. ಲಾಟರಿ ಹೊಡೆದವನ ಕತೆ ತಾನೇ ಊರೆಲ್ಲ ತಿರುಗುವುದು? ನನಗೆ ಕುತೂಹಲ ಉಳಿದವರದು. 50 ಪ್ರತಿ ಜೆರಾಕ್ಸ್ ಮಾಡಿದ್ದಾಯಿತು. ಅಮ್ಮನಿಗೆ ಒಂದು, ಗೆಳೆಯರಿಗೆ ಐದಾರು. ಉಳಿದದ್ದು? ಜೆರಾಕ್ಸ್ ಯಂತ್ರ ಅಚ್ಚು ಹಾಕುವ ಕಷ್ಟ ತೀರಿಸಿತು, ಮಾರುವ ಕಷ್ಟ ತೀರಿಸಲಿಲ್ಲ. ಪೇಪರ್ ಅಂಗಡಿಯವನು ಇಂಥ ಪುಸ್ತಕ ಇಟ್ಟುಕೊಳ್ಳುವುದಿಲ್ಲ. ಪುಸ್ತಕದಂಗಡಿಯವನಿಗೆ ಬೆನ್ನಿನ ಮೇಲೆ ಹೆಸರು ಇಲ್ಲದ ಪುಸ್ತಕ ಕಪಾಟಿನಲ್ಲಿ ಕಾಣಿಸುವುದೇ ಇಲ್ಲ.

ಇಲ್ಲಿಗೆ ಬರುತ್ತದೆ ನನ್ನ ಮೆಚ್ಚಿನ ಮೇಜು. ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಸೆಂಟ್ರಲ್ ಹಾಲ್‌ನಲ್ಲಿ ಕಾಮಿಕ್ಸ್ ಸಂತೆ ಸೇರುತ್ತಿತ್ತು. ಹಳೆಯ ಅಮೆರಿಕನ್ ಕಾಮಿಕ್ಸ್ ಮಾರುವವರು, ಕೊಳ್ಳುವವರು, ಡಬ್ಬಿ ಡಬ್ಬಿ ಪುಸ್ತಕ. 1981ರಲ್ಲಿ ಪಾಲ್ ಗ್ರಾವೆಟ್ ಅನ್ನುವ ಕಾಮಿಕ್ಸ್ ಪ್ರೇಮಿ ಅಲ್ಲೊಂದು ಮೇಜು ಹಿಡಿದರು. ಹೆಸರು ‘ಫಾಸ್ಟ್ ಫಿಕ್ಷನ್’. ಮಾರಿದ್ದು ಅವರ ಪುಸ್ತಕವಲ್ಲ. ನೀವು ಮನೆಯಲ್ಲಿ ಮಾಡಿದ ಕಾಮಿಕ್ಸ್ ನನಗೆ ಕಳಿಸಿ, ನಾನು ಮಾರಿಕೊಡುತ್ತೇನೆ ಅಂದರು. ಬಂದ ಹಣವೆಲ್ಲ ಬರೆದವರಿಗೆ. ಮೂಲೆ ಮೂಲೆಯ ಊರುಗಳಿಂದ ಲಕೋಟೆಗಳು ಬರತೊಡಗಿದವು.

ಒಂದು ಮೇಜಿನಿಂದ ಏನಾಗುತ್ತದೆ ಅನ್ನಬಹುದು. ನಾನು ಒಬ್ಬನೇ ಹುಚ್ಚ ಅಂದುಕೊಂಡು ಕೂತವರಿಗೆಲ್ಲ ಉಳಿದ ಹುಚ್ಚರು ಸಿಕ್ಕಿದರು. ಎಡ್ಡಿ ಕ್ಯಾಂಪ್‌ಬೆಲ್, ಫಿಲ್ ಎಲಿಯಟ್, ಗ್ಲೆನ್ ಡೇಕಿನ್, ಎಡ್ ಪಿನ್ಸೆಂಟ್, ಕಾಮಿಕ್ಸ್ ಬಿಡಿಸುವ ಇವರ ಹೆಸರೆಲ್ಲ ಆ ಮೇಜಿನ ಸುತ್ತ ಸೇರಿಕೊಂಡವು. ಕ್ಯಾಂಪ್‌ಬೆಲ್ ತನ್ನದೇ ಜೀವನದ ಕುಡಿತ, ಗೆಳೆತನ, ಕೆಲಸಗಳನ್ನು ‘ಅಲೆಕ್’ ಅನ್ನುವ ಪಾತ್ರದ ಹೆಸರಿನಲ್ಲಿ ಜೆರಾಕ್ಸ್ ಪುಸ್ತಕಗಳಾಗಿ ಬಿಡಿಸುತ್ತಿದ್ದ. ಸೂಪರ್‌ಹೀರೋ ಇಲ್ಲ, ಹೊಡೆದಾಟ ಇಲ್ಲ. ಸುಮ್ನೆ ಜನ ಕೂತು ಮಾತಾಡುತ್ತಾರೆ. ಮುಂದೆ ಕಾಮಿಕ್ಸ್ ಬರಹಗಾರ ಅಲನ್ ಮೂರ್ ಜೊತೆ ‘ಫ್ರಮ್ ಹೆಲ್’ ಅನ್ನುವ ಕಾಮಿಕ್ಸ್ ಬಿಡಿಸಿ ಹೆಸರಾದವನು ಇದೇ ಕ್ಯಾಂಪ್‌ಬೆಲ್. ಗ್ರಾವೆಟ್ 1983ರಲ್ಲಿ ಪೀಟರ್ ಸ್ಟಾನ್‌ಬರಿ ಜೊತೆ ‘ಎಸ್ಕೇಪ್’ ಅನ್ನುವ ಕಾಮಿಕ್ಸ್ ಪತ್ರಿಕೆ ಶುರು ಮಾಡಿದ ಮೇಲೆ ಮೇಜಿನ ಜವಾಬ್ದಾರಿಯನ್ನು ಎಲಿಯಟ್, ಪಿನ್ಸೆಂಟ್ ಹೊತ್ತರು. 1990ಕ್ಕೆ ಫಾಸ್ಟ್ ಫಿಕ್ಷನ್ ಮುಗಿಯಿತು.

ಆ ಕಾಲದ ಇನ್ನೊಬ್ಬ ಕ್ರಿಸ್ ರೆನಾಲ್ಡ್ಸ್. ‘ಮಾರಿಟೇನಿಯಾ’ ಅನ್ನುವ ಕಪ್ಪು ಬಿಳುಪಿನ, ಕನಸಿನಂಥ ಕಾಮಿಕ್ಸ್ ತಂದವರು. ದಪ್ಪ ಕಪ್ಪು ಗೆರೆ, ಖಾಲಿ ಬೀದಿ. ಏನೋ ನಡೆದುಹೋಗಿದೆ, ಏನೆಂದು ಯಾರೂ ಹೇಳುವುದಿಲ್ಲ. 80ರ ದಶಕದ ಆ ಕತೆಗಳನ್ನು 2018ರಲ್ಲಿ ನ್ಯೂಯಾರ್ಕಿನ ಪ್ರಕಾಶಕರೊಬ್ಬರು ಗಟ್ಟಿ ರಟ್ಟಿನ ದೊಡ್ಡ ಪುಸ್ತಕವಾಗಿ ತಂದರು. ನಡುವೆ ಮೂವತ್ತು ವರ್ಷ. ಅಷ್ಟು ದಿನ ಅವನ್ನು ಉಳಿಸಿದ್ದರಲ್ಲಿ ಯಾರ್‍ಯಾರದೋ ಮನೆಯ ರಟ್ಟಿನ ಡಬ್ಬಿಗಳ ಪಾಲೂ ಇದ್ದೀತು.

ಇಂಟರ್ನೆಟ್ ಇಲ್ಲದ ದಿನಗಳಲ್ಲಿ ಸುದ್ದಿ ಹೇಗೆ ತಿಳಿಯುತ್ತಿತ್ತು? ಅದಕ್ಕೂ ಝೀನೇ. 90ರ ದಶಕದಲ್ಲಿ ‘ಜಮ್!’ ಅನ್ನುವಂಥ ವಿಮರ್ಶೆಯ ಪತ್ರಿಕೆಗಳಿದ್ದವು. ಹೊಸ ಪುಸ್ತಕದ ಹೆಸರು, ಎಷ್ಟು ಪುಟ, ಎಷ್ಟು ಪೆನ್ಸ್, ಯಾವ ವಿಳಾಸ, ಚೆನ್ನಾಗಿದೆಯೋ ಇಲ್ಲವೋ. ನಿಮ್ಮದೊಂದು ಪುಸ್ತಕ ಇದ್ದರೆ ಕಾಸೂ ಬೇಡ, ಅದಲು ಬದಲು ಆಗುತ್ತಿತ್ತು. 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ‘ಕ್ಯಾಪ್ಷನ್’ ಅನ್ನುವ ಸಮಾವೇಶ ಶುರುವಾಯಿತು. ಅಲ್ಲಿಯೂ ಎಲ್ಲರ ಪುಸ್ತಕ ಇಡಲು ಒಂದು ಸಾಮಾನ್ಯ ಮೇಜು. ನೀವು ನಿಮ್ಮ ಪ್ರತಿಗಳನ್ನು ಕೊಟ್ಟು, ಹರಟೆ ಹೊಡೆಯಲು ಹೋಗಬಹುದು.

ಅಂಚೆಯ ಬಗ್ಗೆ ಒಂದು ಮಾತು. 2006ರಿಂದ ಬ್ರಿಟನ್‌ನ ಅಂಚೆಯಲ್ಲಿ ತೂಕದ ಜೊತೆಗೆ ಅಳತೆ, ದಪ್ಪವನ್ನೂ ನೋಡಿ ದರ ಹಾಕುತ್ತಾರೆ. 5 ಮಿಲಿಮೀಟರ್ ಒಳಗಿದ್ದರೆ ಮಾಮೂಲಿ ಪತ್ರ, ದಾಟಿದರೆ ದೊಡ್ಡ ಪತ್ರದ ದರ. ನಾವು ಈಗ ಮಡಿಸಿದ 16 ಪುಟದ ಪುಸ್ತಕ ಸುಮಾರು 20 ಗ್ರಾಂ. ಸಲೀಸಾಗಿ ದಾಟಿಕೊಳ್ಳುತ್ತದೆ. ಜೊತೆಗೊಂದು ಬ್ಯಾಡ್ಜ್ ಇಟ್ಟು ಉಡುಗೊರೆ ಕೊಡೋಣ ಅಂದುಕೊಂಡಿರೋ, ದಪ್ಪ ಜಾಸ್ತಿಯಾಗಿ ಸಿಕ್ಕಿಬಿದ್ದಿರಿ.

ಈಗ ಕಾಲ ಬೇರೆ. 2001ರಲ್ಲಿ ಟಾಮ್ ಗೌಲ್ಡ್ ಮತ್ತು ಸಿಮೋನ್ ಲಿಯಾ ಸೇರಿ ‘ಕ್ಯಾಬನನ್ ಪ್ರೆಸ್’ ಹೆಸರಿನಲ್ಲಿ ಪುಟ್ಟ ಪುಸ್ತಕ ತಂದರು. ಗೌಲ್ಡ್ ಈಗ ಗಾರ್ಡಿಯನ್ ಪತ್ರಿಕೆಗೆ ಚಿತ್ರ ಬರೆಯುತ್ತಾರೆ. ಲಂಡನ್‌ನ ಮ್ಯಾನರ್ ಪಾರ್ಕಿನ ಹಳೆಯ ಲೈಬ್ರರಿ ಕಟ್ಟಡದಲ್ಲಿ ‘ರ‍್ಯಾಬಿಟ್ಸ್ ರೋಡ್ ಪ್ರೆಸ್’ ಅನ್ನುವ ಜನರ ಮುದ್ರಣಾಲಯ ಎದ್ದಿತು. ಅಲ್ಲಿದ್ದದ್ದು ರಿಸೋಗ್ರಾಫ್ ಅನ್ನುವ ಜಪಾನಿ ಯಂತ್ರ. ನೋಡಲು ಜೆರಾಕ್ಸ್ ಥರ, ಕೆಲಸ ಸ್ಕ್ರೀನ್ ಪ್ರಿಂಟಿಂಗ್ ಥರ. ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೂ ಹಾಳೆಯನ್ನು ಮತ್ತೆ ಹಾಯಿಸಬೇಕು. ಬಣ್ಣ ಕೂದಲೆಳೆಯಷ್ಟು ಆಚೀಚೆ ಆಗಿಯೇ ಆಗುತ್ತದೆ. ಮಾಡುವವರಿಗೆ ಅದೇ ಇಷ್ಟ.

ಸಂತೆಗಳೂ ದೊಡ್ಡದಾಗಿವೆ. ಟೂಲಾ ಲೋಟೇ ಹೆಸರಿನಲ್ಲಿ ಚಿತ್ರ ಬರೆಯುವ ಲೀಸಾ ವುಡ್ 2007ರಲ್ಲಿ ಲೀಡ್ಸ್ ಊರಿನಲ್ಲಿ ‘ಥಾಟ್ ಬಬಲ್’ ಅನ್ನುವ ಕಾಮಿಕ್ಸ್ ಸಂತೆ ಶುರು ಮಾಡಿದರು. 2019ರಿಂದ ಅದು ಹ್ಯಾರೊಗೇಟ್‌ನಲ್ಲಿ ನಡೆಯುತ್ತದೆ. ಸಾಲು ಸಾಲು ಮೇಜು. ನನಗೆ ತಕರಾರು ಇರುವುದು ಇಲ್ಲೇ. ಈಗ ಎಲ್ಲರಿಗೂ ತಮ್ಮದೇ ಮೇಜು. ಅದಕ್ಕೆ ಅರ್ಜಿ, ಬಾಡಿಗೆ, ಮೇಲೆ ರೈಲು, ರೂಮಿನ ಖರ್ಚು. ಅಷ್ಟು ಖರ್ಚು ಮಾಡಿದವರು ಮೇಜು ಬಿಟ್ಟು ಏಳುವುದು ಹೇಗೆ? ದಿನವಿಡೀ ತಮ್ಮ ಪುಸ್ತಕದ ಹಿಂದೆಯೇ ಕೂರಬೇಕು. ಎದುರು ಸಾಲಿನಲ್ಲಿ ಯಾರು ಏನು ತಂದಿದ್ದಾರೆ ಅಂತ ನೋಡಲಿಕ್ಕೂ ಆಗುವುದಿಲ್ಲ. ಬೇರೆಯವರ ಪುಸ್ತಕ ಮಾರಲು ಒಬ್ಬ ಕೂರುತ್ತಿದ್ದ ಆ ಹಳೆಯ ಏರ್ಪಾಟೇ ಚೆನ್ನಾಗಿತ್ತು ಅನ್ನಿಸುತ್ತದೆ.

ಮೇಜಿಗೆ ಹೋಗುವ ಮೊದಲು ಒಂದು ಪ್ರತಿ ಮಾತ್ರ ಬೇರೆ ಕಡೆ ಹೋಗಬೇಕು. 2003ರ ಕಾಯ್ದೆ ಪ್ರಕಾರ, ಬ್ರಿಟನ್‌ನಲ್ಲಿ ಪ್ರಕಟವಾಗುವ ಪುಸ್ತಕದ ಒಂದು ಪ್ರತಿ ಒಂದು ತಿಂಗಳ ಒಳಗೆ ಬ್ರಿಟಿಷ್ ಲೈಬ್ರರಿಗೆ ತಲುಪಬೇಕು. ದೊಡ್ಡ ಪ್ರಕಾಶಕ, ಅಡುಗೆಮನೆಯ ಮೇಜಿನ ಪ್ರಕಾಶಕ ಎಂಬ ಭೇದವಿಲ್ಲ. ಎಡಿನ್‌ಬರೊ, ಆಬರಿಸ್ಟ್‌ವಿತ್, ಆಕ್ಸ್‌ಫರ್ಡ್, ಕೇಂಬ್ರಿಜ್, ಡಬ್ಲಿನ್‌ಗಳ ಇನ್ನೂ ಐದು ಲೈಬ್ರರಿಗಳು ಕೇಳಿದರೆ ಅವಕ್ಕೂ ಕೊಡಬೇಕು. ದುಡ್ಡು ಕೊಡುವುದಿಲ್ಲ. 2014ರಲ್ಲಿ ಬ್ರಿಟಿಷ್ ಲೈಬ್ರರಿ ಬ್ರಿಟನ್ನಿನ ಕಾಮಿಕ್ಸ್‌ನ ದೊಡ್ಡ ಪ್ರದರ್ಶನವೊಂದನ್ನು ಮಾಡಿತು. ಅದನ್ನು ಜೋಡಿಸಿದ ಇಬ್ಬರಲ್ಲಿ ಒಬ್ಬರು, ಅದೇ ಪಾಲ್ ಗ್ರಾವೆಟ್.

ಆ ಪ್ರತಿಗಳನ್ನು ತೆಗೆದುಕೊಳ್ಳುವ ಕಚೇರಿ ಇರುವುದು ಲಂಡನ್‌ನಲ್ಲಲ್ಲ, ಯಾರ್ಕ್‌ಷೈರಿನ ಬಾಸ್ಟನ್ ಸ್ಪಾ ಅನ್ನುವ ಹಳ್ಳಿಯಲ್ಲಿ. ನನ್ನ ತಲೆಕೆಳಗಾದ 5ನೇ ಪುಟದ ಪುಸ್ತಕವನ್ನು ನಾನು ಬ್ರಿಟನ್ನಿನಲ್ಲಿ ಮಾಡಿದ್ದಿದ್ದರೆ, 50ರಲ್ಲಿ ಒಂದು ಅಲ್ಲಿಗೆ, 49 ಮೇಜಿಗೆ. ಉಳಿದ ಐದು ಲೈಬ್ರರಿಯವರೂ ಕೇಳಿಬಿಟ್ಟರೆ 44.

ನಮಸ್ಕಾರ.