ಮಡಚಿದ್ರೆ ಲಗೇಜು, ಬಿಚ್ಚಿದ್ರೆ ಸೈಕಲ್ಲು

ಎಲ್ರಿಗೂ ನಮಸ್ಕಾರ. ಬೆಳಗ್ಗೆ ಮಾಲೂರು ಸ್ಟೇಷನ್ನಲ್ಲಿ ಬೆಂಗಳೂರ ಕಡೆ ಟ್ರೈನಿಗೆ ಕಾಯೋರು ಯಾರಾದ್ರೂ ಈಗ ರೇಡಿಯೋ ಕೇಳ್ತಾ ಇದ್ರೆ ನನ್ನನ್ನ ನೋಡೇ ಇರ್ತೀರಿ. ಪ್ಲಾಟ್‌ಫಾರ್ಮಿನ ಆ ಕೊನೇಲಿ ಹಳೇ ಬೆಡ್‌ಶೀಟಲ್ಲಿ ಸುತ್ತಿದ ಏನೋ ಒಂದನ್ನ ಕಾಲ ಹತ್ರ ಇಟ್ಕೊಂಡು ನಿಂತಿರ್ತಾನಲ್ಲ, ಅವನೇ ನಾನು. ಒಳಗಿರೋದು ಹಾರ್ಮೋನಿಯಂ ಅಂತ ಒಬ್ರು, ಹೊಲಿಗೆ ಮಷಿನ್ ಅಂತ ಇನ್ನೊಬ್ರು, ನಾನೂ ತುಂಬಾ ದಿನ ಸುಮ್ನೆ ಇದ್ದೆ. ಅದು ಸೈಕಲ್ಲು. ಮಡಚೋ ಸೈಕಲ್ಲು.

ನಮ್ಮನೆ ಮಾಲೂರು ಸ್ಟೇಷನ್ನಿಂದ ಮೂರು ಕಿಲೋಮೀಟರ್, ಹೆಂಚಿನ ಫ್ಯಾಕ್ಟರಿಗಳ ಕಡೆ. ಆಫೀಸು ವೈಟ್‌ಫೀಲ್ಡ್ ಸ್ಟೇಷನ್ನಿಂದ ನಾಲ್ಕು ಕಿಲೋಮೀಟರ್, ಐಟಿಪಿಎಲ್ ದಾಟಿ ಒಳಗೆ. ನಡುವೆ ಟ್ರೈನು ದೇವನಗೊಂದೀಲಿ ನಿಂತ್ರೂ ಅರ್ಧ ಗಂಟೇಲಿ ಮುಗೀತದೆ, ಆದ್ರೆ ಈ ಎರಡು ತುದಿ ಇದ್ಯಲ್ಲ, ಮೂರು ಮತ್ತು ನಾಲ್ಕು, ಏಳು ಕಿಲೋಮೀಟರ್, ಅದಕ್ಕೆ ಟ್ರೈನಿಗಿಂತ ಡಬಲ್ ಟೈಮು ಹೋಗ್ತಿತ್ತು. ಈ ಕಡೆ ಶೇರ್ ಆಟೋ ತುಂಬೋವರೆಗೂ ಹೊರಡಲ್ಲ, ಆ ಕಡೆ ಹೋಪ್ ಫಾರ್ಮ್ ಸರ್ಕಲ್ಲಲ್ಲಿ ಸಿಕ್ಕಾಕ್ಕೊಂಡ್ರೆ ಬಸ್ಸಿಂದ ಇಳಿದು ನಡೆದೋರೇ ಮುಂದೆ ಹೋಗ್ತಾರೆ.

ಮೊದ್ಲು ನಾನು ಮಾಡಿದ ಜಾಣತನ ಏನಂದ್ರೆ ಎರಡು ಮಾಮೂಲಿ ಸೈಕಲ್ಲು. ಒಂದು ಈ ತುದಿಗೆ, ಒಂದು ಆ ತುದಿಗೆ. ಆ ತುದೀದು ರಾತ್ರಿಯೆಲ್ಲಾ ಬೀದೀಲೇ ಇರಬೇಕಲ್ಲ, ಒಂದು ವಾರಕ್ಕೆ ಸೀಟು ಹೋಯ್ತು, ಇನ್ನೊಂದು ವಾರಕ್ಕೆ ಸೀಟಿಲ್ಲದ ಸೈಕಲ್ಲೂ ಹೋಯ್ತು. ತಗೊಂಡೋನು ಸೀಟು ತಗೊಂಡೋನೇ ಇರಬೇಕು, ಇಲ್ಲಾಂದ್ರೆ ಪಾಪ ಅವನು ಹೇಗೆ ಹೋದ ಅಂತ ನನಗಿವತ್ತಿಗೂ ಗೊತ್ತಿಲ್ಲ.

ಆಮೇಲೆ ಸೆಕೆಂಡ್ ಹ್ಯಾಂಡಲ್ಲಿ ಇದು ಸಿಕ್ತು. ಇಪ್ಪತ್ತಿಂಚಿನ ಚಕ್ರ, 13 ಕೆಜಿ ತೂಕ, ನಡು ಮುರಿದು ಎರಡು ಚಕ್ರ ಅಕ್ಕಪಕ್ಕ ಬರೋ ಥರದ್ದು. ಈ ಥರದ ಸೈಕಲ್ಲನ್ನ ಮಾರ್ಕೆಟಿಗೆ ತಂದೋರಲ್ಲಿ ದೊಡ್ಡ ಹೆಸರು ಡಾಹೋನ್ ಕಂಪನೀದು, ಡೇವಿಡ್ ಹಾನ್ ಅಂತ ಕ್ಯಾಲಿಫೋರ್ನಿಯಾದಲ್ಲಿ ಲೇಸರ್ ಕೆಲಸ ಮಾಡ್ತಿದ್ದ ವಿಜ್ಞಾನಿ, ಎಪ್ಪತ್ತರ ದಶಕದ ಪೆಟ್ರೋಲ್ ಬಿಕ್ಕಟ್ಟು ನೋಡಿ ತಲೆ ಕೆಡಿಸ್ಕೊಂಡು 1982ರಲ್ಲಿ ಶುರು ಮಾಡಿದ್ದು. ಇನ್ನೊಂದು ಲಂಡನ್ನಿನ ಬ್ರಾಂಪ್ಟನ್, ಆಂಡ್ರೂ ರಿಚಿ ಅನ್ನೋ ಎಂಜಿನಿಯರ್ ಎಪ್ಪತ್ತರ ದಶಕದಲ್ಲೇ ತನ್ನ ಫ್ಲಾಟಿನ ಬೆಡ್‌ರೂಮಲ್ಲಿ ಕೂತು ಮಾಡಿದ್ದು, ಕಿಟಕಿ ಎದುರಿಗೆ ಬ್ರಾಂಪ್ಟನ್ ಆರೇಟರಿ ಅಂತ ಚರ್ಚು, ಅದೇ ಹೆಸರು ಇಟ್ಬಿಟ್ಟ. ಅದಕ್ಕೆ ಹದಿನಾರಿಂಚಿನ ಚಕ್ರ, ಮಡಚಿದ್ರೆ ಚೈನು ಎರಡು ಚಕ್ರದ ಮಧ್ಯೆ ಸೇರ್ಕೊಳ್ತದೆ. ನಂದು ಹಾಗಲ್ಲ, ಮಡಚಿದ್ಮೇಲೆ ಚೈನು ಹೊರಗಡೇನೇ ಇರ್ತದೆ. ಈ ಸಣ್ಣ ವ್ಯತ್ಯಾಸ ಎಂಥದು ಅಂತ ನನಗೆ ಮೊದಲನೇ ವಾರದಲ್ಲೇ ಗೊತ್ತಾಯ್ತು.

ನಮ್ಮ ಲೈನಿನ ಟ್ರೈನು ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಅಂತ ಕೆಜಿಎಫ್‌ನ ಸ್ಟೇಷನ್‌ಗಳಲ್ಲೆಲ್ಲಾ ಜನ ತುಂಬ್ಕೊಂಡು, ಬಂಗಾರಪೇಟೇಲಿ ಇನ್ನಷ್ಟು ತುಂಬ್ಕೊಂಡು ಬರೋದು, ಮಾಲೂರಲ್ಲಿ ನಮಗೆ ಬಾಗಿಲ ಹತ್ರ ನಿಲ್ಲೋಕೆ ಜಾಗ ಸಿಕ್ಕಿದ್ರೆ ಪುಣ್ಯ. ಅವತ್ತು ಪಕ್ಕದಲ್ಲಿ ಒಬ್ಬ ಹಿರಿಯರು, ಬಿಳೀ ಪಂಚೆ, ಮದುವೆಗೆ ಹೊರಟಿದ್ರು. ದೇವನಗೊಂದಿ ಹತ್ರ ಟ್ರೈನು ಜಗ್ಗಿತು ನೋಡಿ, ಮಂಡಿ ಹತ್ರ ಅಂಗೈಯಗಲ ಕರೀ ಗ್ರೀಸು, ಅದರ ಮೇಲೆ ಚೈನಿನ ಹಲ್ಲಿನ ಅಚ್ಚು ಬೇರೆ. ಅವರು ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ. ಪಂಚೆ ಬಿಚ್ಚಿ ಅಲ್ಲೇ ಒಳಗಡೆ ಸೆರಗು ಹೊರಗೆ ಬರೋ ಹಾಗೆ ತಿರುಗಿಸಿ ಉಟ್ಕೊಂಡು, "ಮಡಚೋದು ಕಲಿತಿದ್ಯಾ, ಮುಚ್ಚೋದು ಕಲೀಲಿಲ್ವಾ" ಅಂದ್ರು ಅಷ್ಟೇ.

ಬೆಡ್‌ಶೀಟ್ ಬಂದಿದ್ದು ಹಾಗೆ. ನಮ್ಮ ಬೀದಿ ಟೈಲರ್ ಹತ್ರ ಎರಡು ಕಡೆ ಲಾಡಿ ಹಾಕಿಸಿ ದಿಂಬಿನ ಕವರ್ ಥರ ಹೊಲಿಸಿದೆ. ಜಪಾನಲ್ಲಿ ಇದೇ ರೂಲ್ಸಂತೆ, ಅಲ್ಲಿ ಅದಕ್ಕೆ ರಿಂಕೋ ಅಂತಾರೆ, ಯಾವ ಸೈಕಲ್ಲಾದ್ರೂ ಸರಿ, ಮಡಚಿಯೋ ಚಕ್ರ ಬಿಚ್ಚಿಯೋ ಪೂರ್ತಿ ಚೀಲದೊಳಗೆ ಹಾಕಿದ್ರೆ ಅದು ಕೈಸಾಮಾನು, ದುಡ್ಡು ಬೇಡ, ಒಂದು ಹ್ಯಾಂಡಲ್ ಆಚೆ ಇಣುಕಿದ್ರೂ ಆಗಲ್ಲ. ನಮ್ಮ ರೈಲ್ವೇಲಿ ಸೆಕೆಂಡ್ ಕ್ಲಾಸ್ ಟಿಕೆಟ್ಟಿಗೆ 35 ಕೆಜಿ ಲಗೇಜು ಫ್ರೀ, ಪಾಸಿನವರಿಗೆ ಅದಕ್ಕಿಂತ ಕಮ್ಮಿ, ಆದ್ರೆ ಸೈಕಲ್ಲು ಸ್ಕೂಟರು ಆ ಫ್ರೀ ಲೆಕ್ಕಕ್ಕೆ ಬರಲ್ಲ, ಬುಕ್ ಮಾಡಿ ಬ್ರೇಕ್ ವ್ಯಾನಿಗೆ, ಅಂದ್ರೆ ಲಗೇಜು ಬೋಗಿಗೆ ಹಾಕ್ಬೇಕು. ಹಾಗಾದ್ರೆ ಮಡಚಿದ ಸೈಕಲ್ಲು ಸೈಕಲ್ಲಾ, ಲಗೇಜಾ? ಒಂದ್ಸಲ ಟಿಸಿ ಇದನ್ನೇ ಕೇಳಿದ್ರು. ಬೆಡ್‌ಶೀಟ್ ಎತ್ತಿ ನೋಡಿದ್ರು, ಮತ್ತೆ ಮುಚ್ಚಿದ್ರು, ಒಂದ್ಸಲ ಎತ್ತಿ ತೂಕ ನೋಡಿದ್ರು, "ಎಷ್ಟಕ್ಕೆ ಬಂತು?" ಅಂದ್ರು. ನನ್ನ ಪಾಸು ಕೇಳೋದೇ ಮರೆತ್ರು.

ಈ ಸೈಕಲ್ಲಿನ ವಿಷಯದಲ್ಲಿ ಜನ ಓಡ್ಸೋದರ ಬಗ್ಗೆನೇ ಕೇಳ್ತಾರೆ, ನನ್ನ ಪ್ರಕಾರ ಓಡ್ಸೋದು ದೊಡ್ಡದೇನಲ್ಲ, ಎಲ್ಲಾ ಇರೋದು ಮಡಚೋದರಲ್ಲಿ. ಪೆಡ್ಲು ಒಳಕ್ಕೆ, ನಡುವಿನ ಕೀಲಿನ ಲ್ಯಾಚ್ ಬಿಚ್ಚಿ ಎಡಕ್ಕೆ ಮಡಚಬೇಕು, ಅಲ್ಲೊಂದು ಅಯಸ್ಕಾಂತ ಟಕ್ ಅಂತ ಹಿಡ್ಕೊಳ್ತದೆ, ಹ್ಯಾಂಡಲ್ ಕೆಳಕ್ಕೆ, ಕೊನೇಲಿ ಸೀಟಿನ ಕಂಬ ಪೂರ್ತಿ ಇಳಿಸಿದ್ರೆ ಅದೇ ಮೂರನೇ ಕಾಲಾಗಿ ನೆಲಕ್ಕೆ ಊರ್ಕೊಳ್ತದೆ. ಮೊದಲ ತಿಂಗಳು ಐದು ನಿಮಿಷ ಒದ್ದಾಡ್ತಿದ್ದೆ, ಸುತ್ತ ನಾಲ್ಕು ಜನ ಸಲಹೆ ಕೊಡೋರು. ಈಗ ಹದಿನೈದು ಸೆಕೆಂಡು ಸಾಕು, ಟೇಕಲ್ ಕಡೆಯಿಂದ ಹಾರನ್ ಕೇಳಿದ್ಮೇಲೆ ಶುರು ಮಾಡಿದ್ರೂ ಆಗ್ತದೆ. ಆ ಹದಿನೈದು ಸೆಕೆಂಡಿಗೆ ಮುಂಚೆ ನಾನು ರೋಡಿನೋನು, ಆಮೇಲೆ ಪ್ಯಾಸೆಂಜರು.

ಮೆಟ್ರೋ ಇದೆಯಲ್ಲ ಅಂತೀರಿ. ಇದೆ, 2023ರ ಮಾರ್ಚಲ್ಲಿ ವೈಟ್‌ಫೀಲ್ಡ್ ಕಾಡುಗೋಡಿಗೂ ಬಂತು. ಮಡಚೋ ಸೈಕಲ್ಲಿಗೆ ನಮ್ಮ ಮೆಟ್ರೋದಲ್ಲಿ 2020ರ ಡಿಸೆಂಬರಲ್ಲೇ ಪರ್ಮಿಷನ್ ಕೊಟ್ರು, ಕೊನೇ ಬೋಗಿ, 15 ಕೆಜಿ ಒಳಗೆ, ಮಡಚಿದಾಗ 60 ಇಂಟು 45 ಇಂಟು 25 ಸೆಂಟಿಮೀಟರ್ ಮೀರಬಾರದು ಅಂತ. ಮನೇಲಿ ಟೇಪ್ ಹಿಡಿದು ಅಳೆದೆ. ನಂದು 80, 65, 40. ಉಪವಾಸ ಕೆಡವಿದ್ರೂ ಇಳಿಯಲ್ಲ. ಅಷ್ಟು ಚಿಕ್ಕದಾಗಿ ಮಡಚ್ಕೊಳ್ಳೋ ಬ್ರಾಂಪ್ಟನ್ನಿನ ದಪ್ಪವೇ 27, ಈ ಅಳತೆ ಪ್ರಕಾರ ಅದೂ ಹೊರಗೇನೇ. ಸೂಟ್‌ಕೇಸ್ ಇಟ್ಕೊಂಡು ಅಳತೆ ಬರೆದಿದ್ದಾರೇನೋ ಅಂತ ನನ್ನ ಅನುಮಾನ. ಹೇಗೂ ನಾಲ್ಕು ಕಿಲೋಮೀಟರಿಗೆ ಮೆಟ್ಟಿಲು ಹತ್ತಿ ಇಳಿದು, ಆಮೇಲೆ ಮತ್ತೆ ಒಂದು ಕಿಲೋಮೀಟರ್ ನಡೆಯೋದಕ್ಕಿಂತ ತುಳಿಯೋದೇ ಬೇಗ.

ಇನ್ನು ಎಲ್ರೂ ಕೇಳೋ ಪ್ರಶ್ನೆ, ಇಷ್ಟು ಚಿಕ್ಕ ಚಕ್ರ, ಜಾಸ್ತಿ ತುಳೀಬೇಕಲ್ವಾ ಅಂತ. ಲೆಕ್ಕ ಹಾಕ್ಬಿಡೋಣ ಅಂತ ಒಂದು ಭಾನುವಾರ ಅಪ್ಪನ ಹಳೇ ದೊಡ್ಡ ಸೈಕಲ್ಲೂ ಹೊರಗೆ ತಂದು ಹಲ್ಲು ಎಣಿಸಿದೆ. ಅದರಲ್ಲಿ ಮುಂದೆ 44 ಹಲ್ಲು, ಹಿಂದೆ 18, ಅಂದ್ರೆ ಪೆಡ್ಲು ಒಂದು ಸುತ್ತಿಗೆ ಚಕ್ರ ಎರಡೂವರೆ ಸುತ್ತು ಚೂರು ಕಮ್ಮಿ, ಚಕ್ರದ ಸುತ್ತಳತೆ 2.2 ಮೀಟರ್, ಒಟ್ಟು 5.4 ಮೀಟರ್. ನಂದರಲ್ಲಿ ಮುಂದೆ 52, ಹಿಂದೆ 14, ಸುತ್ತಳತೆ ಒಂದೂವರೆ ಮೀಟರ್, ಗುಣಿಸಿದ್ರೆ ಐದೂವರೆ. ಅಪ್ಪ ಕಣ್ಣಲ್ಲೇ ನೋಡಿ ನಂಬ್ಲಿಲ್ಲ, ಸೀಮೆಸುಣ್ಣದಲ್ಲಿ ಗೆರೆ ಹಾಕಿ ಎರಡನ್ನೂ ಒಂದೊಂದು ಸುತ್ತು ತಳ್ಳಿ ತೋರಿಸ್ದೆ. ಸುಮ್ನಾದ್ರು. ಆದ್ರೆ ಗುಂಡಿ ವಿಷಯಕ್ಕೆ ಬಂದ್ರೆ ಅಪ್ಪನ ಸೈಕಲ್ಲೇ ದೊಡ್ಡದು, ಅದು ದಾಟ್ಕೊಂಡು ಹೋಗೋ ಗುಂಡಿಗೆ ನಂದು ಇಳಿದು ಹತ್ತಬೇಕು. ಒಂದ್ಸಲ ಅವಸರದಲ್ಲಿ ನಡುವಿನ ಲ್ಯಾಚ್ ಸರಿಯಾಗಿ ಕೂತಿರಲಿಲ್ಲ, ಹಂಪ್ ಮೇಲೆ ಸೈಕಲ್ಲು ನಾನು ಕೂತಿರೋವಾಗ್ಲೇ ಮಡಚ್ಕೊಳ್ಳೋಕೆ ಹೊರಟಿತ್ತು! ಅವತ್ತಿಂದ ಎರಡೆರಡು ಸಲ ಎಳೆದು ನೋಡ್ತೀನಿ.

ಸಂಜೆ ಮಳೆ ಬಂದ್ರೆ ಯಾರದಾದ್ರೂ ಕಾರಿನ ಡಿಕ್ಕೀಲಿ ಹಾಕ್ಕೊಂಡು ಬಂದ್ಬಿಡ್ತೀನಿ. ಮಾಮೂಲಿ ಸೈಕಲ್ ಆಗಿದ್ರೆ ನಾನೆಲ್ಲಿಗೆ ಹೋದ್ರೂ ಅದು ಅಲ್ಲೇ ಉಳೀತದೆ, ಮಾರನೇ ದಿನ ಅದಕ್ಕೋಸ್ಕರ ಹಿಂದೆ ಬರಬೇಕು, ಕಟ್ಟಿಹಾಕಿದ ದನದ ಥರ.

ಟ್ರೈನಲ್ಲಿ ಒಬ್ಬ ಹೂವಿನ ಅಮ್ಮ ಬರ್ತಾರೆ, ಮಂಕರಿ ತುಂಬಾ ಗುಲಾಬಿ, ಮೇಲೆ ಒದ್ದೆ ಗೋಣಿ. ಮೊದ್ಲು ನನ್ನ ಗಂಟಿನ ಮೇಲೆ ಅವರಿಗೆ ಕೋಪ, ಜಾಗ ತಿಂತದೆ ಅಂತ. ಒಂದಿನ ನಿಂತು ಸಾಕಾಗಿ ಮಂಕರಿ ತಗೊಂಡು ಸೀದಾ ಅದರ ಮೇಲಿಟ್ರು, ಕೂತ್ಕೊಳ್ತು. ಈಗ ದಿನಾ ಅಲ್ಲೇ. ನಾನು ಒಂದು ವಾರ ಜ್ವರ ಅಂತ ಹೋಗಿರಲಿಲ್ಲ, ವಾಪಸ್ ಹೋದಾಗ ನನ್ನ ಜ್ವರ ಕೇಳಲಿಲ್ಲ, "ಎಲ್ಲಪ್ಪಾ ಹೋಗಿತ್ತು ನಮ್ಮ ಟೇಬಲ್ಲು" ಅಂದ್ರು.

ಮೊನ್ನೆ ಹಿಂದಿನ ಟ್ಯೂಬು ಹೋಯ್ತು. ಇಪ್ಪತ್ತಿಂಚಿನದು ಆಗಿರೋದು ಇಲ್ಲಿ ನನ್ನ ಪುಣ್ಯ, ಹುಡುಗರ ಸೈಕಲ್ಲಿನ ಸೈಜೇ ಅದು, ಎಲ್ಲಾ ಅಂಗಡೀಲೂ ಸಿಗ್ತದೆ. ಬ್ರಾಂಪ್ಟನ್ ಇಟ್ಕೊಂಡೋರಿಗೆ ಈ ಸುಖ ಇಲ್ಲ, ಅದೂ ಹದಿನಾರಿಂಚೇ, ಮಕ್ಕಳ ಸೈಕಲ್ಲೂ ಹದಿನಾರಿಂಚೇ, ಆದ್ರೆ ರಿಮ್ಮು ಒಂದರದು 349 ಮಿಲಿಮೀಟರ್ ಇನ್ನೊಂದರದು 305, ಟೈರ್ ಕೂರಲ್ಲ. ನಮ್ಮೂರ ಸೈಕಲ್ ಶಾಪಲ್ಲಿ ಟ್ಯೂಬ್ ಕೇಳ್ದೆ, ಅವರು ಹುಡುಕ್ತಾ ಹಿಂದೆ ತಿರುಗದೇನೇ ಕೇಳಿದ್ರು, ಮಗೂಗೆ ಎಷ್ಟು ವರ್ಷ ಸಾರ್?

ನಲವತ್ತಾರು ಅಂದೆ.

ನಮಸ್ಕಾರ.