ದೇವರಿಗೂ ನಮಗೂ ನಡುವೆ ಇವರೆಲ್ಲ ಯಾಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಹಾಸನದ ಒಂದು ಕಥೋಲಿಕ ಚರ್ಚ್‌ನಲ್ಲಿ ಭಾನುವಾರ ಮಕ್ಕಳಿಗೆ ಧರ್ಮೋಪದೇಶದ ಪಾಠ ಹೇಳಿಕೊಡುತ್ತೇನೆ. ಮಕ್ಕಳು ಪ್ರಶ್ನೆ ಕೇಳುತ್ತಾರೆ, ಉತ್ತರ ಹೇಳುತ್ತೇನೆ. ಅವರಿಗಿಂತ ಜಾಸ್ತಿ ಪ್ರಶ್ನೆ ಕೇಳುವವರು ಹೊರಗಿನವರು. ಪಕ್ಕದ ಮನೆಯವರು, ಅಂಗಡಿಯವರು, ಬಸ್ಸಿನಲ್ಲಿ ಪಕ್ಕ ಕೂತವರು ನನ್ನ ಕೊರಳಿನ ಶಿಲುಬೆ ನೋಡಿ, "ಒಂದು ವಿಷಯ ಕೇಳ್ಲಾ ಮೇಡಂ, ಬೇಜಾರು ಮಾಡ್ಕೋಬೇಡಿ" ಅಂತ ಶುರುಮಾಡುತ್ತಾರೆ. ನನಗೆ ಬೇಜಾರಿಲ್ಲ, ಖುಷಿಯೇ. ಕೇಳದೆ ಮನಸ್ಸಿನಲ್ಲಿ ಏನೇನೋ ಅಂದುಕೊಳ್ಳುವುದಕ್ಕಿಂತ ಕೇಳುವುದು ಎಷ್ಟೋ ಮೇಲು.

ಈ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಕಡೆ ಬಂದು ನಿಲ್ಲುತ್ತವೆ. ದೇವರು ಎಲ್ಲ ಕಡೆ ಇದ್ದಾರೆ ಅಂತೀರಿ. ಮತ್ತೆ ನಡುವೆ ಫಾದರ್ ಯಾಕೆ? ಮರಿಯಮ್ಮ ಯಾಕೆ? ಸಂತರು ಯಾಕೆ? ನೇರವಾಗಿ ದೇವರನ್ನೇ ಕೇಳಿಕೊಂಡರೆ ಆಗಲ್ವಾ? ನಮ್ಮ ನಾಡಿನಲ್ಲಿ ಈ ಪ್ರಶ್ನೆ ಹುಟ್ಟುವುದು ಸಹಜ. ದೇವರಿಗೂ ಭಕ್ತನಿಗೂ ನಡುವೆ ಪೂಜಾರಿಯ ಹಂಗು ಬೇಡ ಅಂತ ಶರಣರು 12ನೇ ಶತಮಾನದಲ್ಲೇ ಗಟ್ಟಿಯಾಗಿ ಹೇಳಿದ ನೆಲ ಇದು. ಹಾಗಾಗಿ ಇವತ್ತು ಈ ಪ್ರಶ್ನೆಯ ಬೆನ್ನು ಹಿಡಿದೇ ಮಾತಾಡುತ್ತೇನೆ.

ಮೊದಲು ಪಾಪನಿವೇದನೆ. ಸಿನಿಮಾಗಳಲ್ಲಿ ನೀವು ನೋಡಿರುತ್ತೀರಿ. ಮರದ ಒಂದು ಗೂಡು. ಒಳಗೆ ಗುರುಗಳು, ಅಂದರೆ ನೀವು ಫಾದರ್ ಅನ್ನುವವರು, ಕೂತಿರುತ್ತಾರೆ, ಕೊರಳಲ್ಲಿ ನೇರಳೆ ಬಣ್ಣದ ಪಟ್ಟಿ. ಪಕ್ಕದಲ್ಲಿ ಸಣ್ಣ ಸಣ್ಣ ತೂತುಗಳ ಜಾಲರಿ. ಈಚೆ ಕಡೆ ನಾವು ಮೊಣಕಾಲೂರಿ, ಪಿಸುದನಿಯಲ್ಲಿ ನಮ್ಮ ತಪ್ಪುಗಳನ್ನು ಹೇಳಿಕೊಳ್ಳುತ್ತೇವೆ. ಅವರು ಒಂದೆರಡು ಬುದ್ಧಿಮಾತು ಹೇಳುತ್ತಾರೆ, ಪ್ರಾಯಶ್ಚಿತ್ತವಾಗಿ ಒಂದು ಪ್ರಾರ್ಥನೆಯನ್ನೋ ಒಳ್ಳೆಯ ಕೆಲಸವನ್ನೋ ಮಾಡಿ ಅನ್ನುತ್ತಾರೆ. ಆಮೇಲೆ ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಪಾಪಕ್ಷಮೆ ಕೊಡುತ್ತಾರೆ. ಇದಕ್ಕೆ ದುಡ್ಡಿಲ್ಲ, ಕಾಣಿಕೆ ಇಲ್ಲ.

"ಅವರೂ ನಮ್ಮ ಹಾಗೆ ಮನುಷ್ಯರೇ ಅಲ್ವಾ? ಅವರ ಹತ್ತಿರ ಯಾಕೆ ಹೇಳಬೇಕು?" ಅಂತ ಕೇಳುತ್ತಾರೆ. ಹೌದು, ಮನುಷ್ಯರೇ. ಅವರೂ ಇನ್ನೊಬ್ಬ ಗುರುಗಳ ಹತ್ತಿರ ಹೋಗಿ ಪಾಪನಿವೇದನೆ ಮಾಡಬೇಕು. ಪೋಪ್ ಕೂಡ ಮಾಡಬೇಕು. 2014ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಎಲ್ಲರೂ ನೋಡುತ್ತಿದ್ದ ಹಾಗೆಯೇ ಒಬ್ಬ ಸಾಮಾನ್ಯ ಗುರುವಿನ ಮುಂದೆ ಮೊಣಕಾಲೂರಿದ್ದರು.

ಕ್ಷಮಿಸುವವರು ದೇವರೇ, ಅದರಲ್ಲಿ ನಮಗೆ ಅನುಮಾನವಿಲ್ಲ. ಯೇಸು ಸತ್ತು ಎದ್ದ ದಿನ ಸಂಜೆ ಶಿಷ್ಯರಿಗೆ, ನೀವು ಯಾರ ಪಾಪಗಳನ್ನು ಕ್ಷಮಿಸುತ್ತೀರೋ ಅವರಿಗೆ ಕ್ಷಮೆ ಸಿಗುತ್ತದೆ ಅಂದರು ಎಂದು ಬೈಬಲ್‌ನ ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯದಲ್ಲಿದೆ. ಆ ಅಧಿಕಾರ ಶಿಷ್ಯರಿಂದ ಕೈಮೇಲೆ ಕೈಯಾಗಿ ಇವತ್ತಿನ ಗುರುಗಳವರೆಗೆ ಬಂದಿದೆ ಅಂತ ನಾವು ನಂಬುತ್ತೇವೆ. ದಿನನಿತ್ಯದ ಸಣ್ಣಪುಟ್ಟ ತಪ್ಪುಗಳಿಗೆ ರಾತ್ರಿ ಮಲಗುವ ಮುಂಚೆ ದೇವರಲ್ಲಿ ನೇರವಾಗಿಯೇ ಕ್ಷಮೆ ಕೇಳುತ್ತೇವೆ. ದೊಡ್ಡ ಪಾಪವನ್ನು ಮಾತ್ರ ಬಾಯಿಬಿಟ್ಟು ಹೇಳಲೇಬೇಕು. ವರ್ಷಕ್ಕೆ ಒಂದು ಸಲವಾದರೂ ಇದು ಆಗಬೇಕು ಎಂದು, ಬಿಷಪ್‌ರೆಲ್ಲ ಸೇರಿದ 1215ರ ಲಾತೆರನ್ ಮಹಾಸಭೆಯಿಂದಲೇ ನಿಯಮವಿದೆ.

ಬಾಯಿಬಿಟ್ಟು ಹೇಳುವುದರಲ್ಲಿ ಏನಿದೆ ಅಂತೀರಾ? ಮಾಡಿದವರಿಗೇ ಗೊತ್ತು. ಮನಸ್ಸಿನೊಳಗೆ ಕ್ಷಮೆ ಕೇಳುವಾಗ ನಾವು ಜಾಣರು. ತಪ್ಪಿಗೆ ನೂರು ಕಾರಣ ಜೋಡಿಸಿಕೊಳ್ಳುತ್ತೇವೆ. ಇನ್ನೊಬ್ಬರ ಕಿವಿಗೆ ಹೇಳುವಾಗ "ನಾನು ಮಾಡಿದೆ" ಅನ್ನಲೇಬೇಕು. ಹಾಗಂದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ. ಕದ್ದಿದ್ದರೆ ವಾಪಸ್ ಕೊಡಬೇಕು. ನಮ್ಮ ಜಿಲ್ಲೆಗಳ ಮಾತಿನಲ್ಲೇ ಹೇಳುವುದಾದರೆ, ಕಾಫಿ ಕೊಯ್ಲಿಗೆ ಬಂದ ಆಳುಗಳ ಕೂಲಿಯನ್ನು ಯಾರಾದರೂ ಮುರಿದುಕೊಂಡಿದ್ದರೆ, ಆ ದುಡ್ಡು ಅವರ ಕೈ ಸೇರಬೇಕು. ಕೂಲಿಯವರಿಗೆ ನ್ಯಾಯವಾಗಿ ಸಲ್ಲಬೇಕಾದ್ದನ್ನು ಕೊಡದಿರುವುದು ಸ್ವರ್ಗಕ್ಕೇ ಮೊರೆಯಿಡುವ ಪಾಪಗಳಲ್ಲಿ ಒಂದು ಅಂತ ನಮ್ಮ ಧರ್ಮೋಪದೇಶದ ಪುಸ್ತಕದಲ್ಲಿದೆ. ಇದನ್ನು ನಮ್ಮವರೇ ಎಷ್ಟೋ ಜನ ಮರೆತಿದ್ದಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

"ಫಾದರ್ ಹೊರಗೆ ಹೇಳಿಬಿಟ್ಟರೆ?" ಹೇಳುವ ಹಾಗಿಲ್ಲ. ಪೊಲೀಸರಿಗೂ ಇಲ್ಲ, ಬಿಷಪ್‌ರಿಗೂ ಇಲ್ಲ, ಹೇಳಿಕೊಂಡವರ ಮನೆಯವರಿಗಂತೂ ಇಲ್ಲವೇ ಇಲ್ಲ. ಬೇಕೆಂದೇ ಗುಟ್ಟು ಒಡೆದ ಗುರುವಿಗೆ ಶ್ರೀಸಭೆಯಿಂದ, ಅಂದರೆ ನಮ್ಮ ಕಥೋಲಿಕ ಧರ್ಮಸಭೆಯಿಂದ, ಬಹಿಷ್ಕಾರ. 1393ರಲ್ಲಿ ಪ್ರಾಗ್ ನಗರದ ಗುರು ನೆಪೊಮುಕ್‌ನ ಸಂತ ಯೊವಾನ್ನರನ್ನು ಅಲ್ಲಿನ ರಾಜ ನದಿಗೆ ಎಸೆಸಿ ಕೊಲ್ಲಿಸಿದ. ರಾಣಿಯ ಪಾಪನಿವೇದನೆಯ ಗುಟ್ಟು ಬಿಟ್ಟುಕೊಡಲಿಲ್ಲ ಅಂತ ಕೊಂದರು ಎಂದು ಜನ ಹೇಳಿಕೊಂಡು ಬಂದಿದ್ದಾರೆ.

ಪೋಪ್ ವಿಷಯ ಬಂದಾಗಲೇ ಇದೊಂದನ್ನೂ ಹೇಳಿಬಿಡುತ್ತೇನೆ. ಪೋಪ್ ಹೇಳಿದ್ದೆಲ್ಲ ನಮಗೆ ವೇದವಾಕ್ಯನಾ? ಇಲ್ಲ. ಅವರ ಮಾತಿಗೆ ನಾವು ಗೌರವದಿಂದ ಕಿವಿಗೊಡುತ್ತೇವೆ. ಆದರೆ ತಪ್ಪಿಲ್ಲದ ಬೋಧನೆ ಅನ್ನುವುದು, ವಿಶ್ವಾಸದ ಅಥವಾ ನೀತಿಯ ವಿಷಯವನ್ನು ಇಡೀ ಶ್ರೀಸಭೆಗೆ ಅವರು ಅಧಿಕೃತವಾಗಿ ಘೋಷಿಸಿದಾಗ ಮಾತ್ರ. 1870ರಲ್ಲಿ ಇದನ್ನು ಸ್ಪಷ್ಟಪಡಿಸಿದ ಮೇಲೆ ಅಂಥ ಘೋಷಣೆ ಆಗಿದ್ದು 1950ರಲ್ಲಿ, ಮರಿಯಮ್ಮನವರ ಸ್ವರ್ಗಾರೋಹಣದ ವಿಷಯದಲ್ಲಿ.

ಇನ್ನು ಮರಿಯಮ್ಮ. "ನೀವು ಮರಿಯಮ್ಮನ್ನ ದೇವರು ಅಂತ ಪೂಜೆ ಮಾಡ್ತೀರಾ?" ಅಂತ ಹಿಂದೂಗಳೂ ಕೇಳುತ್ತಾರೆ, ಬೇರೆ ಸಭೆಯ ಕ್ರೈಸ್ತರೂ ಕೇಳುತ್ತಾರೆ. ಇಲ್ಲ. ಅವರು ನಮ್ಮ ಹಾಗೆ ಒಬ್ಬ ಮನುಷ್ಯರು, ಯೇಸುವಿನ ತಾಯಿ. ಆರಾಧನೆ ದೇವರೊಬ್ಬರಿಗೇ. ಪ್ರತಿಮೆಗೆ ತೋರಿಸುವ ಗೌರವ ಬೇರೆ, ದೇವರಿಗೆ ಸಲ್ಲಿಸುವ ಆರಾಧನೆ ಬೇರೆ ಅಂತ 787ರಲ್ಲಿ ನೈಸೀಯದಲ್ಲಿ ಸೇರಿದ ಮಹಾಸಭೆಯೇ ತೀರ್ಮಾನ ಮಾಡಿದೆ. ಜಪಮಾಲೆ ಹಿಡಿದು ನಾವು ಅವರನ್ನು ಕೇಳಿಕೊಳ್ಳುವುದು ಒಂದೇ: ಪಾಪಿಗಳಾದ ನಮಗಾಗಿ ಪ್ರಾರ್ಥಿಸಿ, ಈಗಲೂ, ನಾವು ಸಾಯುವ ಹೊತ್ತಿನಲ್ಲೂ.

ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಅಂದರೆ ನೀವು ನನಗೆ, "ನಿಮ್ಮ ಚರ್ಚ್‌ಗೆ ಹೋದಾಗ ನಮಗೂ ಒಂದು ಪ್ರಾರ್ಥನೆ ಮಾಡಿ" ಅನ್ನುತ್ತೀರಿ. ಆಗ ನೀವು ನನ್ನನ್ನು ದೇವರು ಮಾಡಿದ್ದೀರಾ? ಸತ್ತು ದೇವರನ್ನು ಸೇರಿದವರನ್ನೂ ನಾವು ಹಾಗೇ ಕೇಳಿಕೊಳ್ಳುತ್ತೇವೆ. ಸಾವು ಆ ಸಂಬಂಧ ಕಡಿಯುವುದಿಲ್ಲ ಅನ್ನುವುದು ನಮ್ಮ ನಂಬಿಕೆ. ನಮ್ಮ ಕಡೆ ಎಷ್ಟೋ ಚರ್ಚ್‌ಗಳಲ್ಲಿ ಮಂಗಳವಾರ ಸಂತ ಅಂತೋಣಿಯವರ ನೊವೇನಾ ಅನ್ನುವ ಪ್ರಾರ್ಥನೆ ಇರುತ್ತದೆ. ಅವತ್ತು ಮೇಣದಬತ್ತಿ ಹಚ್ಚುವವರಲ್ಲಿ ಎಲ್ಲ ಜಾತಿ ಧರ್ಮದವರೂ ಇರುತ್ತಾರೆ. ಅವರನ್ನು ನೋಡಿದರೆ ನನಗೆ ಸಂತೋಷವಾಗುತ್ತದೆ. ಒಂದು ಮಾತು ಮಾತ್ರ ಹೇಳುತ್ತೇನೆ: ಅಂತೋಣಿಯವರು ತಾವಾಗಿ ಏನನ್ನೂ ಕೊಡುವುದಿಲ್ಲ. ಅವರು ನಮ್ಮ ಜೊತೆ ನಿಂತು ದೇವರನ್ನು ಕೇಳುತ್ತಾರೆ.

ಸತ್ತವರ ವಿಷಯಕ್ಕೆ ಬಂದರೆ, ನವೆಂಬರ್ 2ರಂದು ನಮ್ಮ ಸ್ಮಶಾನಗಳನ್ನು ನೋಡಿ. ಹಿಂದಿನ ದಿನವೇ ಹುಲ್ಲು ಕಿತ್ತು, ಸಮಾಧಿಗೆ ಸುಣ್ಣ ಬಳಿದು, ಸೇವಂತಿಗೆ ಹೂವಿಟ್ಟಿರುತ್ತಾರೆ. ಗುರುಗಳು ಬಂದು ತೀರ್ಥ ಚಿಮುಕಿಸುತ್ತಾರೆ. "ನಮ್ಮ ಪಿತೃಪಕ್ಷದ ಹಾಗೇ ಅಲ್ವಾ?" ಅಂತ ಕೇಳುತ್ತಾರೆ. ಪ್ರೀತಿಯಲ್ಲಿ ಹಾಗೆಯೇ. ನಾವು ಎಡೆ ಇಡುವುದಿಲ್ಲ, ಅವರಿಗಾಗಿ ದೇವರಲ್ಲಿ ಬೇಡುತ್ತೇವೆ. ದೇವರ ಸ್ನೇಹದಲ್ಲೇ ಸತ್ತರೂ ಪೂರ್ತಿ ಶುದ್ಧರಾಗದವರು ದೇವರ ಮುಖ ನೋಡುವ ಮೊದಲು ಶುದ್ಧರಾಗಬೇಕು, ಅದಕ್ಕೆ ನಮ್ಮ ಪ್ರಾರ್ಥನೆಯಿಂದ ನೆರವಾಗುತ್ತದೆ ಅಂತ ಶ್ರೀಸಭೆ ಕಲಿಸುತ್ತದೆ. ಸತ್ತವರಿಗಾಗಿ ಪ್ರಾರ್ಥಿಸುವ ಮಾತು ಮಕ್ಕಬಿಯರ ಎರಡನೇ ಗ್ರಂಥದಲ್ಲಿದೆ. ಅದು ಪ್ರೊಟೆಸ್ಟೆಂಟ್ ಬೈಬಲ್‌ನಲ್ಲಿ ಸಿಗುವುದಿಲ್ಲ. ಅವರದು 66 ಗ್ರಂಥ, ನಮ್ಮದು 73. ಶವ ಸುಡಬಹುದಾ ಅಂತಲೂ ಕೇಳುತ್ತಾರೆ. 1963ರಿಂದ ಅದಕ್ಕೆ ಅನುಮತಿ ಇದೆ. ಹೂಳುವುದೇ ಮೇಲು ಅನ್ನುವ ಮಾತು ಹಾಗೇ ಉಳಿದಿದೆ. ಬೂದಿಯನ್ನು ಹೊಳೆಗೆ ಬಿಡುವ ಹಾಗಿಲ್ಲ, ಪವಿತ್ರ ಜಾಗದಲ್ಲಿ ಇಡಬೇಕು ಅಂತ 2016ರಲ್ಲಿ ರೋಮ್ ಮತ್ತೆ ಹೇಳಿದೆ.

ಗುರುಗಳು ಯಾಕೆ ಮದುವೆಯಾಗುವುದಿಲ್ಲ? ಇದು ಶ್ರೀಸಭೆಯ ಶಿಸ್ತು. ಇಡೀ ಬದುಕನ್ನು ದೇವರಿಗೂ ಜನರಿಗೂ ಕೊಡಲಿ ಅನ್ನುವುದು ಅದರ ಉದ್ದೇಶ. ರೋಮಿನ ಜೊತೆಯೇ ಇರುವ ಪೂರ್ವದ ಕಥೋಲಿಕ ಸಭೆಗಳಲ್ಲಿ ಕೆಲವು ಕಡೆ ಮದುವೆಯಾದವರೂ ಗುರುಗಳಾಗುತ್ತಾರೆ.

ಹಾಸನದಲ್ಲಿ ಇದ್ದುಕೊಂಡು ಶೆಟ್ಟಿಹಳ್ಳಿಯ ಮಾತು ಬಿಡುವ ಹಾಗಿಲ್ಲ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಜಪಮಾಲೆ ಮಾತೆಯ ಚರ್ಚ್ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದು ಹಿನ್ನೀರು ಏರಿತು, ಊರು ಎದ್ದು ಹೋಯಿತು. ಈಗ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಚಾವಣಿಯಿಲ್ಲದ ಗೋಡೆಗಳು, ಕಮಾನುಗಳು ಕಾಣುತ್ತವೆ. ಫೋಟೋ ತೆಗೆಯಲು ಬರುವ ಹುಡುಗರು, "ದೇವರು ಇರೋ ಜಾಗ ಮುಳುಗೋದಾ?" ಅಂತ ಕೇಳುತ್ತಾರೆ. ಕಲ್ಲುಗಾರೆಯ ಕಟ್ಟಡ ಮುಳುಗಬಹುದು. ಶ್ರೀಸಭೆ ಅಂದರೆ ಜನ. ಅವರು ಪ್ರಾರ್ಥನೆಯನ್ನೂ ಹಬ್ಬವನ್ನೂ ಕಟ್ಟಿಕೊಂಡು ಹೋಗಿ ಹೊಸ ಊರುಗಳಲ್ಲಿ ಮುಂದುವರಿಸಿದರು. ನಮ್ಮ ಧರ್ಮದಲ್ಲಿ ಎಲ್ಲಿ ನೋಡಿದರೂ ನಡುವೆ ಜನ ಯಾಕೆ ಅನ್ನುವವರಿಗೆ ಇದೇ ಉತ್ತರ. ದೇವರೇ ಮನುಷ್ಯರಾಗಿ, ಒಬ್ಬ ತಾಯಿಯ ಮಡಿಲಲ್ಲಿ ಬೆಳೆದರು ಅಂತ ನಂಬುವವರು ನಾವು. ಜನರನ್ನು ಬದಿಗೆ ಸರಿಸಿ ದೇವರನ್ನು ಹುಡುಕುವ ದಾರಿ ನಮಗೆ ಕಲಿಸಿಲ್ಲ. ಅಂದ ಹಾಗೆ, ಅಲ್ಲಿಗೆ ಹೋಗುವವರು ದಯವಿಟ್ಟು ಗೋಡೆ ಹತ್ತಬೇಡಿ, ಹೆಸರು ಕೆತ್ತಬೇಡಿ. ಅಲ್ಲಿ ದೀಕ್ಷಾಸ್ನಾನ ಪಡೆದವರು, ಮದುವೆಯಾದವರು ಇನ್ನೂ ಇದ್ದಾರೆ.

ಕೊನೆಗೆ, ಬಹಳ ಜನರಿಗೆ ನೋವು ಕೊಟ್ಟಿರುವ ಪ್ರಶ್ನೆ. ಕ್ರಿಸ್ಮಸ್ ರಾತ್ರಿ ನೀವು ಪ್ರೀತಿಯಿಂದ ಚರ್ಚ್‌ಗೆ ಬರುತ್ತೀರಿ. ಎಲ್ಲರೂ ಸಾಲಾಗಿ ಪರಮಪ್ರಸಾದಕ್ಕೆ ಹೋಗುತ್ತಾರೆ, ನೀವೂ ಹೋಗುತ್ತೀರಿ. ಗುರುಗಳು ಮೆಲ್ಲಗೆ, "ನೀವು ಕಥೋಲಿಕರಾ?" ಅಂತ ಕೇಳಿ, ಕೊಡದೆ ಕಳಿಸುತ್ತಾರೆ. ಹೊರನಾಡಿನ ಅನ್ನಪೂರ್ಣೇಶ್ವರಿ ದೇವಸ್ಥಾನಕ್ಕೆ ಹೋದರೆ ಯಾರು ಎಲ್ಲಿಯವರು ಅಂತ ಕೇಳದೆ ಊಟ ಬಡಿಸುತ್ತಾರೆ. ಇಲ್ಲಿ ಬೆರಳಗಲದ ಒಂದು ಬಿಲ್ಲೆಗೆ ಇಷ್ಟು ಕಟ್ಟುನಿಟ್ಟಾ ಅಂತ ನಿಮಗೆ ಅನ್ನಿಸಿದರೆ ತಪ್ಪಿಲ್ಲ.

ಆ ಬಿಲ್ಲೆಯನ್ನು ಮಾಡುವುದು ಗೋಧಿಹಿಟ್ಟು ಮತ್ತು ನೀರಿನಿಂದ. ಹುಳಿ ಇಲ್ಲ, ಉಪ್ಪಿಲ್ಲ. ಬಲಿಪೂಜೆಯಲ್ಲಿ, ಅಂದರೆ ಚರ್ಚ್‌ನಲ್ಲಿ ನಡೆಯುವ ಮಾಸ್‌ನಲ್ಲಿ, ಗುರುಗಳು ಯೇಸುವಿನ ಮಾತುಗಳನ್ನು ಹೇಳಿದ ಮೇಲೆ ಅದು ರೊಟ್ಟಿಯ ರೂಪದಲ್ಲಿರುವ ಯೇಸುವೇ ಅಂತ ನಾವು ನಂಬುತ್ತೇವೆ. ಸಂಕೇತ ಅಂತ ಅಲ್ಲ, ನಿಜವಾಗಿ. ಅದಕ್ಕೇ ಮಿಕ್ಕಿದ್ದನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು, ಪಕ್ಕದಲ್ಲಿ ಹಗಲೂ ರಾತ್ರಿ ದೀಪ ಉರಿಸುತ್ತೇವೆ. ಅದನ್ನು ಸ್ವೀಕರಿಸಿ "ಆಮೆನ್" ಅನ್ನುವುದು, "ಇದನ್ನೆಲ್ಲ ನಂಬುತ್ತೇನೆ, ನಾನು ಈ ಸಭೆಯವನು" ಅಂತ ಒಪ್ಪಿದ ಹಾಗೆ. ನೀವು ನಂಬದೇ ಇರುವುದನ್ನು ನಿಮ್ಮ ಬಾಯಲ್ಲಿ ಹೇಳಿಸುವುದು ನಿಮಗೆ ತೋರುವ ಗೌರವ ಆಗುವುದಿಲ್ಲ.

ನಮ್ಮವರಿಗೂ ಇದು ಸಲೀಸಲ್ಲ. ಮಕ್ಕಳು ಪಾಠ ಕಲಿತು, ಪಾಪನಿವೇದನೆ ಮಾಡಿ, ಆಮೇಲೆ ಮೊದಲ ಪರಮಪ್ರಸಾದ ತೆಗೆದುಕೊಳ್ಳುತ್ತಾರೆ. ಸ್ವೀಕರಿಸುವ ಮುಂಚೆ ಒಂದು ಗಂಟೆ ಏನೂ ತಿನ್ನುವ ಹಾಗಿಲ್ಲ, ನೀರು ಮತ್ತು ಔಷಧಿ ಬಿಟ್ಟು. ದೊಡ್ಡ ಪಾಪ ಮಾಡಿದ ಕಥೋಲಿಕರೂ ಪಾಪನಿವೇದನೆ ಆಗುವ ತನಕ ಬೆಂಚಿನಲ್ಲೇ ಕೂತಿರಬೇಕು. ಹಾಗಾಗಿ ಸಾಲಿಗೆ ಹೋಗದೆ ಕೂತವರನ್ನು ಯಾರೂ ಹೊರಗಿನವರು ಅಂತ ನೋಡುವುದಿಲ್ಲ. ಆದರೂ ನಮ್ಮ ಕಡೆಯಿಂದ ಆಗಬೇಕಾದ್ದು ಒಂದಿದೆ. ಕ್ರಿಸ್ಮಸ್ ರಾತ್ರಿ, ಪರಮಪ್ರಸಾದ ಕೊಡುವ ಮುಂಚೆಯೇ ಮೈಕಿನಲ್ಲಿ ಎರಡು ಮಾತು ಪ್ರೀತಿಯಿಂದ ಹೇಳಿದರೆ ಎಷ್ಟೋ ನೋವು ತಪ್ಪುತ್ತದೆ. ಎಲ್ಲ ಚರ್ಚ್‌ಗಳಲ್ಲೂ ಹೀಗೆ ಹೇಳಬೇಕು ಅನ್ನುವುದು ನನ್ನ ಆಸೆ.

ಬಲಿಪೂಜೆಗೆ ಯಾರು ಬೇಕಾದರೂ ಬರಬಹುದು, ಕನ್ನಡದಲ್ಲೇ ಇರುತ್ತದೆ. 1960ರ ದಶಕದಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯುವವರೆಗೆ ಅದು ಲ್ಯಾಟಿನ್‌ನಲ್ಲಿತ್ತು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಿರುವ, ಒಬ್ಬ ಬಿಷಪ್‌ರ ಕೆಳಗಿನ ಚಿಕ್ಕಮಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರೆಯಾಗಿದ್ದೂ ಆ ಮಹಾಸಭೆ ನಡೆಯುತ್ತಿದ್ದಾಗಲೇ, 1963ರ ನವೆಂಬರ್‌ನಲ್ಲಿ. ಬಂದವರು ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಎಲ್ಲರೂ ಎದ್ದಾಗ ಎದ್ದರೆ ಸಾಕು, ಮೊಣಕಾಲೂರಬೇಕು ಅಂತಿಲ್ಲ. ಕಾಣಿಕೆ ಚೀಲ ಬಂದರೆ ಹಾಕಲೇಬೇಕು ಅಂತಿಲ್ಲ. ಪೂಜೆ ಮುಗಿದ ಮೇಲೆ ಗುರುಗಳು ಸಾಮಾನ್ಯವಾಗಿ ಬಾಗಿಲ ಹತ್ತಿರವೇ ಸಿಗುತ್ತಾರೆ. ನಾನು ಇವತ್ತು ಬಿಟ್ಟ ಪ್ರಶ್ನೆಗಳನ್ನು ಅವರಿಗೆ ಕೇಳಿ.

ನಮಸ್ಕಾರ.