ಕುರಿ ಒಪ್ಪಿದ ನಾಯಿ, ರಿಂಗ್ ಒಪ್ಪಿದ ನಾಯಿ

ಕೇಳುಗರಿಗೆ ನಮಸ್ಕಾರ.

ಪುಣೆಯಲ್ಲಿ ನಾಯಿಮರಿ ಕೊಳ್ಳಲು ಹೊರಟವರ ಬಾಯಲ್ಲಿ ಎರಡು ಪ್ರಶ್ನೆ ಖಾಯಂ. ಕೆಸಿಐ ಪೇಪರ್, ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾದ ವಂಶಪತ್ರ, ಇದೆಯಾ? ಅಪ್ಪ ಚಾಂಪಿಯನ್ನಾ? ಎರಡಕ್ಕೂ ಹೌದು ಅಂತ ಉತ್ತರ ಬಂದರೆ ವ್ಯಾಪಾರ ಕುದುರಿದ ಹಾಗೇ. ಚಾಂಪಿಯನ್ ಸರಿ, ಯಾವುದರಲ್ಲಿ ಚಾಂಪಿಯನ್ ಅಂತ ಮುಂದಕ್ಕೆ ಕೇಳುವವರು ಕಡಿಮೆ. ಜರ್ಮನ್ ಶೆಫರ್ಡ್, ಬಾರ್ಡರ್ ಕಾಲಿ, ರಫ್ ಕಾಲಿ, ಇವೆಲ್ಲ ಕುರಿ ಹಿಂಡಿನ ಜೊತೆ ಬೆಳೆದು ಬಂದ ತಳಿಗಳು. ಇವನ್ನು ಕುರಿಗಳ ಮುಂದೆ ನಿಲ್ಲಿಸಿ ಆರಿಸಿದರೆ ಒಂದು ಥರದ ನಾಯಿ ಸಿಗುತ್ತದೆ. ಡಾಗ್ ಶೋನ ರಿಂಗಿನಲ್ಲಿ, ರೂಪ ನೋಡುವ ಜಡ್ಜ್ ಮುಂದೆ ನಿಲ್ಲಿಸಿ ಆರಿಸಿದರೆ ಇನ್ನೊಂದು ಥರದ್ದು. ತಳಿಯ ಹೆಸರು ಮಾತ್ರ ಒಂದೇ. ಇದು ಹೇಗಾಯಿತು ಅಂತ ಇವತ್ತು ನೋಡೋಣ. ನಾನು ಈ ಊರಿನಲ್ಲಿ ಪಶುವೈದ್ಯ. ಈ ಎರಡೂ ಥರದ ನಾಯಿಗಳು ನನ್ನ ಟೇಬಲ್ ಮೇಲೆ ಬರುತ್ತವೆ.

ಮೊದಲು ಕೆಲಸದ ವಿಷಯ. ಬಾರ್ಡರ್ ಕಾಲಿ ಗುಡ್ಡದ ಮೇಲೆ ಚದುರಿದ ಕುರಿಗಳನ್ನು ಒಟ್ಟು ಮಾಡಿ ಕುರಿಗಾಹಿಯ ಹತ್ತಿರ ತರುವ ನಾಯಿ. ಕುರಿಗಾಹಿ ಕೆಳಗೆ ನಿಂತು ಒಂದು ಸಿಳ್ಳೆ ಹಾಕುತ್ತಾನೆ. ನಾಯಿ ನೇರವಾಗಿ ಕುರಿಗಳ ಕಡೆ ನುಗ್ಗುವುದಿಲ್ಲ. ನುಗ್ಗಿದರೆ ಅವು ಬೆದರಿ ಇನ್ನೂ ದೂರ ಓಡುತ್ತವೆ. ಅದು ದೊಡ್ಡ ಸುತ್ತು ಹಾಕಿ, ಹಿಂಡಿನ ಆಚೆ ಬದಿಗೆ ಹೋಗುತ್ತದೆ. ಅಲ್ಲಿಂದ ಓಟ ನಿಂತು ನಡಿಗೆ ಶುರು. ತಲೆ ತಗ್ಗಿದೆ, ಬಾಲ ಇಳಿಬಿದ್ದಿದೆ, ಎತ್ತಿದ ಮುಂಗಾಲು ಎತ್ತಿದ ಹಾಗೇ ನಿಂತಿದೆ. ಕಣ್ಣು ಮುಂದಿರುವ ಕುರಿಯ ಮೇಲಿಂದ ಕದಲುವುದಿಲ್ಲ. ಒಂದು ಸಲವೂ ಬೊಗಳುವುದಿಲ್ಲ. ಆ ಕುರಿ ನಾಯಿಯನ್ನು ನೋಡುತ್ತದೆ, ಕಾಲು ಅಪ್ಪಳಿಸುತ್ತದೆ, ಇನ್ನು ಆಗಲ್ಲ ಅನ್ನಿಸಿದಾಗ ಮುಖ ತಿರುಗಿಸುತ್ತದೆ. ಒಂದು ಮುಖ ತಿರುಗಿಸಿತೋ, ಇಡೀ ಹಿಂಡು ಅದರ ಹಿಂದೆ ಹೊರಟಿತು.

ಇದು ಬೇಟೆಯಿಂದ ಬಂದ ನಡೆ. ತೋಳ ದಿಟ್ಟಿಸುತ್ತದೆ, ಹೊಂಚಿ ಹತ್ತಿರ ಬರುತ್ತದೆ, ಅಟ್ಟುತ್ತದೆ, ಹಿಡಿಯುತ್ತದೆ, ಕೊಲ್ಲುತ್ತದೆ. ಕುರಿಗಾಹಿಗಳು ತಲೆಮಾರುಗಟ್ಟಲೆ ಆರಿಸಿ ಆರಿಸಿ ಮೊದಲ ಮೂರನ್ನು ಗಟ್ಟಿ ಮಾಡಿದರು, ಕೊನೆಯ ಎರಡನ್ನು ಅದುಮಿದರು. ಇದು ಯಾವುದೋ ಒಂದು ಜೀನ್‌ನ ಕೆಲಸ ಅಲ್ಲ. ಎಷ್ಟೋ ಜೀನ್‌ಗಳು ಕೂಡಿ ಬಂದರೆ ಮಾತ್ರ ಈ ನಡೆ ಹದವಾಗಿ ಕೂರುತ್ತದೆ. ಇಂಥ ಗುಣ ಪ್ರತಿ ತಲೆಮಾರಿನಲ್ಲೂ ಪರೀಕ್ಷೆ ಮಾಡಿ ಆರಿಸುತ್ತಿದ್ದರೆ ಉಳಿಯುತ್ತದೆ. ಪರೀಕ್ಷೆ ನಿಂತರೆ ತಾನಾಗಿಯೇ ಸಡಿಲವಾಗುತ್ತದೆ. ಯಾರೂ ಬೇಕಂತ ಕೆಡಿಸಬೇಕಾಗಿಲ್ಲ. ಕುರಿಯೇ ಇಲ್ಲದ ಮನೆಯಲ್ಲಿ ಆ ಗುಣ ಹೋಯಿತು ಅಂತ ಗೊತ್ತಾಗುವುದೂ ಇಲ್ಲ.

1873 ಈ ಕಥೆಯಲ್ಲಿ ನೆನಪಿಡಬೇಕಾದ ವರ್ಷ. ಆ ವರ್ಷ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ತಳಿಗಳ ಪಟ್ಟಿ ಇಡುವ, ಶೋ ನಡೆಸುವ ಕೆನಲ್ ಕ್ಲಬ್ ಹುಟ್ಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವೇಲ್ಸ್‌ನ ಬಾಲಾ ಎಂಬ ಊರಿನಲ್ಲಿ ಬ್ರಿಟನ್ನಿನ ಮೊದಲ ಶೀಪ್‌ಡಾಗ್ ಟ್ರಯಲ್, ಅಂದರೆ ಕುರಿ ಅಟ್ಟುವ ನಾಯಿಗಳ ಪಂದ್ಯ, ನಡೆಯಿತು. ಗೆದ್ದದ್ದು ಟ್ವೀಡ್ ಎಂಬ ನಾಯಿ, ವೇಲ್ಸ್‌ನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನ ಒಬ್ಬರದು. ಒಂದೇ ವರ್ಷದಲ್ಲಿ ಎರಡು ದಾರಿ ತೆರೆದವು. ಒಂದು ದಾರಿಯಲ್ಲಿ ರೂಪಕ್ಕೆ ಬಹುಮಾನ, ಇನ್ನೊಂದರಲ್ಲಿ ಕೆಲಸಕ್ಕೆ.

ಮೊದಲ ದಾರಿಯಲ್ಲಿ ಹೋದದ್ದು ಉದ್ದ ಕೂದಲಿನ ರಫ್ ಕಾಲಿ. ವಿಕ್ಟೋರಿಯಾ ರಾಣಿ ಬಾಲ್ಮೋರಲ್ ಅರಮನೆಯಲ್ಲಿ ಕಾಲಿಗಳನ್ನು ಸಾಕಿದ ಮೇಲೆ ಶ್ರೀಮಂತರ ಮನೆಗಳಲ್ಲಿ ಅದಕ್ಕೆ ಬೇಡಿಕೆ ಏರಿತು. ಮೂತಿ ಉದ್ದವಾಯಿತು, ಕೂದಲು ದಟ್ಟವಾಯಿತು. ಇವತ್ತು ದೊಡ್ಡ ಹಿಂಡಿನಲ್ಲಿ ದಿನವಿಡೀ ಕೆಲಸ ಮಾಡುವ ರಫ್ ಕಾಲಿ ತೀರಾ ಅಪರೂಪ.

ಎರಡನೆಯ ದಾರಿಯಲ್ಲಿ ಬಂದವನು ಹೆಂಪ್. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯ ನಾರ್ಥಂಬರ್ಲೆಂಡ್‌ನಲ್ಲಿ ಆಡಮ್ ಟೆಲ್ಫರ್ ಎಂಬಾತನ ಮನೆಯಲ್ಲಿ 1893ರಲ್ಲಿ ಹುಟ್ಟಿದ. ಅಪ್ಪ ರಾಯ್ ಸಲೀಸು ಸ್ವಭಾವದವನು. ಅವ್ವ ಮೆಗ್ ಸಂಕೋಚದವಳು, ಆದರೆ ದೃಷ್ಟಿ ಬಲು ಬಿಗಿ. ಹೆಂಪ್‌ನಲ್ಲಿ ಎರಡೂ ಹದವಾಗಿ ಕೂಡಿದವು. ಗಲಾಟೆಯಿಲ್ಲದೆ, ಕಚ್ಚದೆ, ಬರೀ ತನ್ನ ಇರುವಿಕೆಯಿಂದಲೇ ಕುರಿಗಳನ್ನು ನಡೆಸುತ್ತಿದ್ದ. 1901ರಲ್ಲಿ ಸತ್ತ. ಅಷ್ಟರಲ್ಲಿ ಸುತ್ತಲಿನ ಕುರಿಗಾಹಿಗಳೆಲ್ಲ ಅವನ ಮರಿಗಳನ್ನು ತಮ್ಮ ಮನೆಗೆ ತುಂಬಿಕೊಂಡಿದ್ದರು. ಇವತ್ತಿನ ಬಾರ್ಡರ್ ಕಾಲಿಗಳ ವಂಶ ಹಿಡಿದು ಹಿಂದಕ್ಕೆ ಹೋದರೆ ಹೆಂಪ್ ಸಿಕ್ಕೇ ಸಿಗುತ್ತಾನೆ.

1906ರಲ್ಲಿ ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿ ಶುರುವಾಯಿತು. ಅದರ ಒಂದು ನಿಯಮ ನನಗೆ ತುಂಬ ಇಷ್ಟ. ಅಪ್ಪ ಅವ್ವನ ಹೆಸರು ಸೊಸೈಟಿಯ ವಂಶಪಟ್ಟಿಯಲ್ಲಿ ಇಲ್ಲದಿದ್ದರೂ, ನಾಯಿ ಕುರಿಗಳ ಮೇಲೆ ಕೆಲಸ ಮಾಡಿ ತೋರಿಸಿದರೆ ಅದನ್ನು ಪಟ್ಟಿಗೆ ಸೇರಿಸಲು ದಾರಿ ಇದೆ. ಅಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಈ ನಾಯಿಗಳಲ್ಲಿ ಗಿಡ್ಡ ಕೂದಲಿನವು ಇವೆ, ಜೂಲಿನವು ಇವೆ, ನಿಮಿರಿದ ಕಿವಿಯವು ಇವೆ, ಜೋತು ಬಿದ್ದ ಕಿವಿಯವೂ ಇವೆ. ಕಿವಿ ಹೇಗಿದ್ದರೂ ಕುರಿಗೇನು?

ಬ್ರಿಟನ್ನಿನ ಕೆನಲ್ ಕ್ಲಬ್ ಬಾರ್ಡರ್ ಕಾಲಿಯನ್ನು ಶೋ ತಳಿ ಅಂತ ಒಪ್ಪಿದ್ದು 1976ರಲ್ಲಿ, ತೀರಾ ತಡವಾಗಿ. ಅಲ್ಲಿ ಒಂದು ಎಚ್ಚರಿಕೆಯನ್ನೂ ಇಟ್ಟುಕೊಂಡರು. ರಿಂಗಿನಲ್ಲಿ ಮಾತ್ರ ಗೆದ್ದರೆ ಶೋ ಚಾಂಪಿಯನ್. ಪೂರ್ತಿ ಚಾಂಪಿಯನ್ ಅನ್ನಿಸಿಕೊಳ್ಳಲು ಕುರಿಗಳ ಜೊತೆಗಿನ ಪರೀಕ್ಷೆಯೂ ಪಾಸಾಗಬೇಕು. ಅಮೆರಿಕದಲ್ಲಿ 1995ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಈ ತಳಿಯನ್ನು ತೆಗೆದುಕೊಂಡಾಗ ಕುರಿ ಸಾಕುವವರು ಬಲವಾಗಿ ವಿರೋಧಿಸಿದರು. ಬೇಡ, ನಮ್ಮ ನಾಯಿ ಹಾಳಾಗುತ್ತದೆ ಅಂದರು. ಅಲ್ಲಿನ ಕೆಲಸದ ನಾಯಿಗಳ ಸಂಘವಾದ ಅಮೆರಿಕನ್ ಬಾರ್ಡರ್ ಕಾಲಿ ಅಸೋಸಿಯೇಷನ್ ಎಷ್ಟು ಕಟ್ಟುನಿಟ್ಟು ಅಂದರೆ, ರೂಪದ ಶೋನಲ್ಲಿ ಚಾಂಪಿಯನ್ ಆದ ನಾಯಿಯನ್ನು ತನ್ನ ಪಟ್ಟಿಯಿಂದಲೇ ತೆಗೆಯುತ್ತದೆ. ಹೊರಗಿನವರಿಗೆ ಇದು ಹಟ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ರಫ್ ಕಾಲಿಗೆ ಏನಾಯಿತು ಅಂತ ಅವರು ಕಣ್ಣಾರೆ ಕಂಡಿದ್ದರು.

ಹಾಗಂತ ಟ್ರಯಲ್ ಗೆದ್ದವರ ಕಡೆ ಎಲ್ಲವೂ ಸರಿ ಅಂತ ಹೇಳಲು ಬರುವುದಿಲ್ಲ. ಇಂಟರ್‌ನ್ಯಾಷನಲ್ ಎಂಬ ದೊಡ್ಡ ಟ್ರಯಲ್‌ನ ಕೊನೆಯ ಸುತ್ತಿನಲ್ಲಿ ನಾಯಿ ಎರಡು ಗುಂಪು ಕುರಿಗಳನ್ನು ಬೇರೆ ಬೇರೆ ದಿಕ್ಕಿನಿಂದ ತಂದು ಕೂಡಿಸಬೇಕು. ಆಮೇಲೆ ಆ 20 ಕುರಿಗಳಲ್ಲಿ ಕೊರಳಪಟ್ಟಿ ಇರುವ 5ನ್ನು ಮಾತ್ರ ಉಳಿಸಿಕೊಂಡು ದೊಡ್ಡಿಗೆ ಸೇರಿಸಬೇಕು. ನಿಜಕ್ಕೂ ಕಷ್ಟದ ಕೆಲಸ. ಆದರೂ ಅದು ಒಂದು ದಿನದ, ಒಂದು ಹೊಲದ ಕೆಲಸ. ಪ್ರತಿ ಹೆಜ್ಜೆಗೂ ಸಿಳ್ಳೆ ಕಾಯುವ ನಾಯಿ ಅಲ್ಲಿ ಚೆನ್ನಾಗಿ ಅಂಕ ಪಡೆಯಬಹುದು. ಮಂಜು ಮುಸುಕಿದ ಗುಡ್ಡದಲ್ಲಿ ಸಿಳ್ಳೆ ಕೇಳಿಸದಿದ್ದಾಗ ತಾನೇ ಯೋಚಿಸಿ ಕೆಲಸ ಮಾಡುವ ನಾಯಿಯೇ ಬೇರೆ. 1965ರಲ್ಲಿ ವಿಸ್ಟನ್ ಕ್ಯಾಪ್ ಎಂಬ ಎಳೆಯ ನಾಯಿ ಆ ಟ್ರಯಲ್ ಗೆದ್ದಿತು. ಆಮೇಲೆ ಎಲ್ಲರಿಗೂ ಅದರ ಮರಿಯೇ ಬೇಕು. ಒಂದೇ ಗಂಡಿನ ಮರಿಗಳು ನೂರರ ಲೆಕ್ಕ ದಾಟಿ ಸಾವಿರಕ್ಕೆ ಹೋದರೆ, ಅದರ ಒಳ್ಳೆಯದೂ ಹರಡುತ್ತದೆ, ಒಳಗೆ ಅಡಗಿದ ದೋಷವೂ ಹರಡುತ್ತದೆ. ಗೆದ್ದ ಗಂಡಿನ ಹಿಂದೆ ಎಲ್ಲರೂ ಓಡುವ ಚಟ ರಿಂಗಿನವರಿಗೂ ಇದೆ, ಹೊಲದವರಿಗೂ ಇದೆ.

ಈಗ ಪುಣೆಯಲ್ಲಿ ಜಾಸ್ತಿ ಕಾಣುವ ಜರ್ಮನ್ ಶೆಫರ್ಡ್‌ಗೆ ಬರೋಣ. ಇದರ ಕುರಿ ಕೆಲಸದ ರೀತಿಯೇ ಬೇರೆ. ಜರ್ಮನಿಯಲ್ಲಿ ಕುರಿ ಮೇಯುವ ನೆಲದ ಪಟ್ಟಿಯ ಪಕ್ಕದಲ್ಲೇ ಬೆಳೆ ನಿಂತಿರುತ್ತಿತ್ತು, ನಡುವೆ ಬೇಲಿ ಇರುತ್ತಿರಲಿಲ್ಲ. ನಾಯಿ ಆ ಗಡಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತ ತಾನೇ ಬೇಲಿಯಾಗಬೇಕು. ಬೆಳಗಿನಿಂದ ಸಂಜೆವರೆಗೆ. ಅದಕ್ಕೆ ಬೇಕಾದದ್ದು ಜೋರು ಓಟ ಅಲ್ಲ, ದಣಿಯದ ಹದವಾದ ಟ್ರಾಟ್, ಅಂದರೆ ನಡಿಗೆಗೂ ಓಟಕ್ಕೂ ನಡುವಿನ ಹೆಜ್ಜೆ.

ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೈನ್ಯಾಧಿಕಾರಿ 1899ರ ಏಪ್ರಿಲ್‌ನಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಒಂದು ನಾಯಿ ನೋಡಿ ಮಾರುಹೋದ. ಅಲ್ಲೇ ಕೊಂಡು, ಹೋರಾಂಡ್ ಅಂತ ಹೊಸ ಹೆಸರಿಟ್ಟ. ಅದೇ ತಿಂಗಳು ತಳಿಯ ಸಂಘ ಕಟ್ಟಿದ. ಸಂಘದ ಪಟ್ಟಿಯಲ್ಲಿ ಹೋರಾಂಡ್ ನಂಬರ್ 1. ಗಮನಿಸಿ, ಅವನು ಆ ನಾಯಿಯನ್ನು ಕಂಡದ್ದು ಒಂದು ಶೋನಲ್ಲೇ. ಆದರೆ ಅವನ ಪಟ್ಟು ಒಂದೇ ಆಗಿತ್ತು: ನಾಯಿ ಉಪಯೋಗಕ್ಕೆ ಬರಬೇಕು, ಬುದ್ಧಿ ಇರಬೇಕು. ಮುಂದೆ ನಾಯಿಗಳು ತೀರಾ ಎತ್ತರವಾಗಿ ಬೆಳೆಯುತ್ತಿವೆ ಅನ್ನಿಸಿದಾಗ, 1925ರಲ್ಲಿ ಕ್ಲೋಡೋ ಎಂಬ ಗಿಡ್ಡನೆಯ, ಉದ್ದ ಮೈಯ ನಾಯಿಯನ್ನು ಗೆಲ್ಲಿಸಿ ತಳಿಯನ್ನೇ ಆ ಕಡೆ ತಿರುಗಿಸಿದ. ರಿಂಗಿನ ಒಂದು ತೀರ್ಮಾನಕ್ಕೆ ಅಷ್ಟು ಶಕ್ತಿ ಇದೆ. ಒಳ್ಳೆಯದಕ್ಕೂ ಬಳಸಬಹುದು, ಕೆಟ್ಟದ್ದಕ್ಕೂ ಬಳಸಬಹುದು.

ಕೆಟ್ಟದ್ದು ನಡೆದದ್ದು ಟ್ರಾಟ್ ವಿಷಯದಲ್ಲಿ. ಟ್ರಾಟ್ ಚೆನ್ನಾಗಿದ್ದರೆ ದಿನವಿಡೀ ಕೆಲಸ ಮಾಡಬಲ್ಲದು ಅಂತ ಜಡ್ಜ್‌ಗಳು ಟ್ರಾಟ್ ನೋಡತೊಡಗಿದರು. ಅದು ತಪ್ಪಲ್ಲ. ಆದರೆ ಕುರಿ ಇಲ್ಲದ ಜಾಗದಲ್ಲಿ ಬರೀ ಟ್ರಾಟ್‌ಗೇ ಬಹುಮಾನ ಕೊಡುತ್ತ ಹೋದರೆ, ಇನ್ನೂ ಉದ್ದ ಹೆಜ್ಜೆ, ಇನ್ನೂ ಹಾರುವಂಥ ಹೆಜ್ಜೆ ಬೇಕಾಗುತ್ತದೆ. ಹಿಂಗಾಲು ಜಾಸ್ತಿ ಜಾಸ್ತಿ ಬಾಗಿದರೆ ಅಂಥ ಹೆಜ್ಜೆ ಬರುತ್ತದೆ. ರಿಂಗಿನ ಅಂಚಿನಲ್ಲಿ ನಿಂತು ನೋಡಿ. ಹ್ಯಾಂಡ್ಲರ್ ನಾಯಿಯನ್ನು ನಿಲ್ಲಿಸುವಾಗ ಒಂದು ಹಿಂಗಾಲನ್ನು ಹಿಂದಕ್ಕೆ ಚಾಚಿಸಿ, ಇನ್ನೊಂದನ್ನು ಹೊಟ್ಟೆಯ ಕೆಳಗೆ ಇಡಿಸುತ್ತಾನೆ. ಬೆನ್ನು ಭುಜದಿಂದ ಸೊಂಟಕ್ಕೆ ಇಳಿಜಾರಾಗಿ ಕಾಣುತ್ತದೆ. ನಿಂತಾಗ ಚೆಂದ. ಅದೇ ನಾಯಿ ಬೆಲ್ಟ್ ಸಡಿಲ ಬಿಟ್ಟು ನಿಧಾನ ನಡೆಯಲಿ, ಹಿಂದಿನಿಂದ ನೋಡಿ. ಕೆಲವು ನಾಯಿಗಳಲ್ಲಿ ಹಿಂಗಾಲಿನ ಹಿಮ್ಮಡಿ ಕೀಲು ಒಂದಕ್ಕೊಂದು ತಾಗುವಷ್ಟು ಓಲಾಡುತ್ತದೆ. 2016ರಲ್ಲಿ ಬ್ರಿಟನ್ನಿನ ಕ್ರಫ್ಟ್ಸ್ ಶೋನಲ್ಲಿ ತಳಿಯ ಬಹುಮಾನ ಗೆದ್ದ ಜರ್ಮನ್ ಶೆಫರ್ಡ್ ನಡೆದದ್ದನ್ನು ಟಿವಿಯಲ್ಲಿ ನೋಡಿದ ಜನ ಸಂಕಟಪಟ್ಟು ದೂರಿದರು. ಅವರಲ್ಲಿ ಎಷ್ಟೋ ಜನ ನಾಯಿ ತಜ್ಞರೇನೂ ಆಗಿರಲಿಲ್ಲ.

ಜರ್ಮನಿಯ ಸಂಘ ಶೋ ನಾಯಿಗೂ ಕೆಲಸದ ಪರೀಕ್ಷೆ ಕಡ್ಡಾಯ ಮಾಡಿದೆ, ಸೊಂಟದ ಎಕ್ಸ್‌ರೇ ಕೇಳುತ್ತದೆ. ಒಳ್ಳೆಯ ನಿಯಮಗಳು. ಆದರೆ ಅಲ್ಲೂ ತಳಿ ಒಡೆದಿದೆ. ಕಪ್ಪು ಕೆಂಪು ಬಣ್ಣದ ಶೋ ಲೈನ್, ಅಂದರೆ ಶೋಗೆಂದೇ ಬೆಳೆಸಿದ ವಂಶ, ಒಂದು ಕಡೆ, ಬೂದು ಬಣ್ಣದ, ಬೆನ್ನು ನೆಟ್ಟಗಿರುವ ವರ್ಕಿಂಗ್ ಲೈನ್ ಇನ್ನೊಂದು ಕಡೆ. ಪರೀಕ್ಷೆಯಲ್ಲಿ ಪಾಸಾಗುವುದು ಒಂದು ಮಾತು, ಆ ಕೆಲಸ ನೋಡಿಯೇ ಜೋಡಿ ಮಾಡುವುದು ಇನ್ನೊಂದು.

ಸ್ವಭಾವದ ಬಗ್ಗೆಯೂ ಒಂದು ಮಾತು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಾರ್ಡರ್ ಕಾಲಿ ಮತ್ತು ಲ್ಯಾಬ್ರಡಾರ್ ನಾಯಿಗಳು ಎಷ್ಟು ದುಡುಕುತ್ತವೆ ಅಂತ ಸಾಕಿದವರನ್ನು ಕೇಳಿ ಹೋಲಿಸಿದರು. ಕೆಲಸದ ಲೈನ್‌ಗಳಲ್ಲಿ ಎರಡು ತಳಿಗಳ ನಡುವೆ ವ್ಯತ್ಯಾಸ ಸ್ಪಷ್ಟವಾಗಿತ್ತು. ಶೋ ಲೈನ್‌ಗಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಒಂದು ಕುರಿ ಅಟ್ಟುವ ನಾಯಿ, ಇನ್ನೊಂದು ಹೊಡೆದ ಹಕ್ಕಿ ತರುವ ನಾಯಿ. ಕೆಲಸ ಬಿಟ್ಟ ಮೇಲೆ ಈ ಗುಣದಲ್ಲಿ ಎರಡೂ ಹತ್ತಿರ ಬಂದಿವೆ.

ಹಾಗಾದರೆ ಪುಣೆಯಲ್ಲಿ ವರ್ಕಿಂಗ್ ಲೈನ್ ನಾಯಿಯನ್ನೇ ತರಬೇಕಾ? ಅಲ್ಲಿ ಬೇರೆ ಕಷ್ಟ ಇದೆ. ಬಾಣೇರ್, ವಾಕಡ್ ಕಡೆಯ ಫ್ಲ್ಯಾಟುಗಳಲ್ಲಿ ಬಾರ್ಡರ್ ಕಾಲಿಗಳು ಬಂದಿವೆ. ಮನೆಯವರು ಬೆಳಿಗ್ಗೆ ಕೆಲಸಕ್ಕೆ ಹೋದರೆ ರಾತ್ರಿ ಬರುತ್ತಾರೆ. ನಾಯಿ ಗೋಡೆಯ ಮೇಲಿನ ನೆರಳನ್ನು ದಿಟ್ಟಿಸುತ್ತದೆ, ಫ್ಯಾನಿನ ನೆರಳು ಅಟ್ಟುತ್ತದೆ, ಕೆಳಗೆ ಕರೆದುಕೊಂಡು ಹೋದರೆ ಮಕ್ಕಳ ಸೈಕಲ್ಲಿನ ಹಿಂದೆ ಹೊಂಚುತ್ತದೆ. ಡಾಕ್ಟ್ರೇ, ಇದಕ್ಕೆ ಹುಚ್ಚು ಹಿಡಿದಿದೆಯಾ ಅಂತ ಕೇಳುತ್ತಾರೆ. ಹುಚ್ಚಲ್ಲ. ನೂರಾರು ವರ್ಷ ಆರಿಸಿ ಇಟ್ಟ ಗುಣಕ್ಕೆ ಕುರಿ ಸಿಕ್ಕಿಲ್ಲ, ನೆರಳು ಸಿಕ್ಕಿದೆ. ಇಂಥ ಮನೆಗೆ ಸಮಾಧಾನದ ಶೋ ಲೈನ್ ನಾಯಿಯೇ ವಾಸಿ. ಅದನ್ನು ನಾನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಕಾಲಿ ಸಾಕಿದವರು ಇನ್ನೊಂದು ವಿಷಯ ದಯವಿಟ್ಟು ಕೇಳಿಸಿಕೊಳ್ಳಿ. ಉಣ್ಣಿ, ತುರಿಗೆ ನಮ್ಮಲ್ಲಿ ಐವರ್ಮೆಕ್ಟಿನ್ ಇಂಜೆಕ್ಷನ್ ಸಲೀಸಾಗಿ ಕೊಡುತ್ತಾರೆ. ಕಾಲಿ ವಂಶದ ನಾಯಿಗಳಲ್ಲಿ ಎಂಡಿಆರ್1 ಎಂಬ ಜೀನ್ ಎಷ್ಟೋ ಸಲ ಕೆಟ್ಟಿರುತ್ತದೆ. ಆಗ ಆ ಔಷಧ ಮಿದುಳಿಗೆ ನುಗ್ಗಿ ನಾಯಿ ತೂರಾಡುತ್ತದೆ, ಪ್ರಜ್ಞೆ ತಪ್ಪುತ್ತದೆ, ಸಾಯಲೂಬಹುದು. ರಫ್ ಕಾಲಿಗಳಲ್ಲಿ ಇದು ತುಂಬ ಸಾಮಾನ್ಯ, ಬಾರ್ಡರ್ ಕಾಲಿಗಳಲ್ಲಿ ಕಡಿಮೆ. ಪಟ್ಟಿಯ ಬಾಗಿಲು ಮುಚ್ಚಿ ಒಳಗೊಳಗೇ ಜೋಡಿ ಮಾಡುತ್ತ ಹೋದರೆ ಇಂಥ ದೋಷ ಒಳಗೇ ಸುತ್ತುತ್ತಿರುತ್ತದೆ. ಡಿಎನ್ಎ ಪರೀಕ್ಷೆ ಇದೆ, ಮಾಡಿಸಿ.

ಜರ್ಮನ್ ಶೆಫರ್ಡ್ ಮರಿ ತರುವವರಿಗೆ ನಾನು ಹೇಳುವುದು ಇಷ್ಟು. ಫೋಟೋ ನೋಡಬೇಡಿ, ತಾಯಿ ನಾಯಿ ನಡೆಯುವುದನ್ನು ನೋಡಿ. ಬೆಲ್ಟ್ ಸಡಿಲ ಬಿಟ್ಟು, ನಿಧಾನಕ್ಕೆ, ಹಿಂದಿನಿಂದ. ಅಪ್ಪ ಅವ್ವನ ಸೊಂಟದ ಎಕ್ಸ್‌ರೇ ಕೇಳಿ. ಹಿಂದಿನ ಸೂಲಿನ ಮರಿಗಳು ಈಗ ಹೇಗಿವೆ ಕೇಳಿ. ಕೊಡಲು ಹಿಂದೇಟು ಹಾಕಿದರೆ ಎದ್ದು ಬನ್ನಿ.

ಕೊನೆಯದಾಗಿ ನಮ್ಮ ನೆಲದ ನಾಯಿಗಳು. ದೀಪಾವಳಿ ಆದ ಮೇಲೆ ಫಲಟಣ, ಬಾರಾಮತಿ ಕಡೆಯ ಧನಗರರು ಕುರಿ ಹೊಡೆದುಕೊಂಡು ಕೊಂಕಣಕ್ಕೆ ಹೊರಡುತ್ತಾರೆ. ಚಿಕ್ಕೋಡಿ, ಅಥಣಿ ಕಡೆಯ ನಮ್ಮ ಕುರುಬರನ್ನು ಕಂಡವರಿಗೆ ಇದು ಹೊಸದಲ್ಲ. ಧನಗರರ ನಾಯಿಗಳು ಕುರಿ ಅಟ್ಟುವುದಿಲ್ಲ, ಅದನ್ನು ಮನುಷ್ಯರೇ ಕೂಗಿ ಮಾಡುತ್ತಾರೆ. ನಾಯಿಯ ಪಾಲಿಗೆ ರಾತ್ರಿ ಕಾವಲು. ಪುಣೆ ಜಿಲ್ಲೆಯ ಹುಲ್ಲುಗಾವಲಿನಲ್ಲಿ ತೋಳ ಇನ್ನೂ ಇದೆ. ಮರಿಯಿಂದಲೇ ಕುರಿಗಳ ನಡುವೆ ಬೆಳೆದ ಈ ನಾಯಿಗಳಲ್ಲಿ ಅಟ್ಟುವ ಆಸೆಯೇ ಇರಬಾರದು. ಕುರಿಮರಿಗೆ ಬಾಯಿ ಹಾಕುವ ನಾಯಿಯನ್ನು ಯಾವ ಧನಗರನೂ ಇಟ್ಟುಕೊಳ್ಳುವುದಿಲ್ಲ. ಇವಕ್ಕೆ ಪೇಪರ್ ಇಲ್ಲ, ಪಟ್ಟಿಯೂ ಇಲ್ಲ. ದೇಸಿ ತಳಿಗಳ ಮೇಲೆ ಈಗ ಒಲವು ಹೆಚ್ಚುತ್ತಿದೆ, ನಾಳೆ ಯಾರಾದರೂ ಪಟ್ಟಿ ಮಾಡಲು ಬರಬಹುದು. ಬರಲಿ, ಅದು ಆಗಬೇಕಾದ ಕೆಲಸ. ಆದರೆ ಎತ್ತರ, ಬಣ್ಣ, ಕಿವಿ ಬರೆದುಕೊಳ್ಳುವ ಮೊದಲು ಧನಗರರ ಬಳಿ ಕೂತು ಕೇಳಲಿ. ತೋಳ ಬಂದ ರಾತ್ರಿ ಯಾವ ನಾಯಿ ಮುಂದೆ ಹೋಯಿತು, ಯಾವುದು ಈದ ಕುರಿಯ ಪಕ್ಕದಲ್ಲಿ ಸುಮ್ನೆ ಮಲಗುತ್ತದೆ, ಯಾವ ಹೆಣ್ಣಿನ ಮರಿಗಾಗಿ ಬೇರೆ ಹಿಂಡಿನವರು ಬಂದು ಕೇಳುತ್ತಾರೆ. ಆ ಉತ್ತರಗಳು ಪಟ್ಟಿಯ ಮೊದಲ ಕಾಲಂನಲ್ಲಿ ಇರಬೇಕು. ನಮಸ್ಕಾರ.